ನಿಂತು ಪಾಠ ಮಾಡುವ ನಿಯಮ

೧೯೮೨ನೇ ಇಸವಿ, ಜುಲೈ ತಿಂಗಳ ಒಂದು ಸೋಮವಾರ. ಬೆಳಗ್ಗೆ ಆರು ಗಂಟೆ ಇಪ್ಪತ್ತು ನಿಮಿಷ. ಸ್ಥಳ, ತುಮಕೂರಿನಲ್ಲಿ ನಮ್ಮ ಮನೆಯ ನಡುಮನೆ. ಹಾಜರಿದ್ದವರು ನಾನು, ನನ್ನ ಆರೈಕೆಗೆಂದು ಕುಣಿಗಲ್ಲಿನಿಂದ ಬಂದಿದ್ದ ತಂಗಿ ಸಾವಿತ್ರಿ, ಮತ್ತು ಕನ್ನಡಿಯೊಳಗೆ ಒಬ್ಬ ಮುದುಕಿ.

ಮೂರನೆಯವರ ಪರಿಚಯ ನನಗೆ ಇನ್ನೂ ಸರಿಯಾಗಿ ಆಗಿರಲಿಲ್ಲ. ಏಳು ತಿಂಗಳ ಹಿಂದೆ ಅದೇ ಕನ್ನಡಿಯಲ್ಲಿ ಐವತ್ತೊಂದು ವರ್ಷದ, ಕಪ್ಪು ತುರುಬಿನ, ಗದರುವ ಮುಖದ ಹೆಡ್‌ಮಿಸ್ಟ್ರೆಸ್ ಒಬ್ಬರಿದ್ದರು. ಮುಪ್ಪು ಬರಬಾರದೆಂದು ನಾನು ಎಂದೂ ಹೇಳಿದವಳಲ್ಲ. ಆದರೆ ಅದು ವೇಳಾಪಟ್ಟಿಯ ಪ್ರಕಾರ ಬರಬೇಕು ಎಂಬುದು ನನ್ನ ನಿಲುವು. ಮೊದಲು ಕನ್ನಡಕ, ಕೆಲವು ವರ್ಷ ಬಿಟ್ಟು ಮಂಡಿನೋವು, ಆಮೇಲೆ ಒಂದೆರಡು ಹಲ್ಲು, ನಿವೃತ್ತಿಯ ಹೊತ್ತಿಗೆ ಬಿಳಿಕೂದಲು, ಹೀಗೆ ಒಂದು ಪೀರಿಯಡ್ ಮುಗಿದ ಮೇಲೆ ಇನ್ನೊಂದು. ನನಗೆ ಎಲ್ಲ ಪೀರಿಯಡ್ಡುಗಳೂ ಒಂದೇ ಗಂಟೆಗೆ ಬಂದು ಕೂತವು. ಎದೆಯಲ್ಲಿ ಗಂಟು ಕಂಡಿತು, ಬೆಂಗಳೂರಿನಲ್ಲಿ ಬಲಗಡೆಯ ಸ್ತನವನ್ನು ತೆಗೆದರು, ಆಮೇಲೆ ಇಂಜೆಕ್ಷನ್ನುಗಳು, ಅದಾದ ಮೇಲೆ ನಮ್ಮ ಕಡೆಯ ಜನ ‘ಕರೆಂಟ್ ಕೊಡೋದು’ ಎನ್ನುವ ವಿಕಿರಣ ಚಿಕಿತ್ಸೆ. ಕೊನೆಗೆ ಡಾಕ್ಟರು, “ಕಾಯಿಲೆ ಹೋಗಿದೆ, ಕೆಲಸಕ್ಕೆ ಹೋಗಬಹುದು” ಎಂದರು. ಸುಸ್ತು ಯಾವಾಗ ಹೋಗುತ್ತದೆ ಎಂದು ಕೇಳಿದೆ. “ನಿಧಾನವಾಗಿ ಹೋಗುತ್ತೆ” ಎಂದರು. ನಿಧಾನವಾಗಿ ಎನ್ನುವುದು ತಾರೀಖಲ್ಲ. ಆದರೆ ಅವರ ಬಾಗಿಲಲ್ಲಿ ನನ್ನ ಹಿಂದೆ ಬಹಳ ಜನ ಕಾಯುತ್ತಿದ್ದರು, ಎದ್ದು ಬಂದೆ.

ಈ ಸುಸ್ತಿನ ವಿಷಯ ಸ್ವಲ್ಪ ಹೇಳಬೇಕು. ಮನೆ ತುಂಬ ಬಟ್ಟೆ ಒಗೆದರೆ ಬರುವ ಸುಸ್ತು ನನಗೆ ಗೊತ್ತು, ಅದು ಮಲಗಿದರೆ ಹೋಗುತ್ತದೆ. ಇದು ನಾನು ಮಲಗಿದರೆ ತಾನೂ ಪಕ್ಕದಲ್ಲಿ ಮಲಗಿ, ನನಗಿಂತ ಮೊದಲು ಎದ್ದು ಕೂತಿರುತ್ತದೆ. ಬೆಳಗ್ಗೆ ಕಣ್ಣು ಬಿಟ್ಟಾಗಲೇ ನನ್ನೊಳಗೆ ಸಂಜೆ ಐದು ಗಂಟೆ. ಬಚ್ಚಲಿನಿಂದ ನಡುಮನೆಗೆ ಬರುವಷ್ಟರಲ್ಲಿ ಎರಡು ಕಡೆ ಗೋಡೆ ಹಿಡಿಯಬೇಕು. ಇದನ್ನೆಲ್ಲ ಯಾರಿಗೂ ಹೇಳಿರಲಿಲ್ಲ, ಏಕೆಂದರೆ ಆ ದಿನ ನಾನು ಕೆಲಸಕ್ಕೆ ಮರಳಿ ಹಾಜರಾಗಬೇಕಾಗಿತ್ತು.

ಹಾಜರಾಗುವುದಕ್ಕೆ ಒಂದು ತೊಡಕಿತ್ತು, ಅದನ್ನು ಹಾಕಿದವಳೂ ನಾನೇ. ಗುಬ್ಬಿಯ ನಮ್ಮ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿಗೆ ಮುಖ್ಯೋಪಾಧ್ಯಾಯಿನಿಯಾಗಿ ಬಂದ ವರ್ಷವೇ ಸೂಚನಾ ಪುಸ್ತಕದಲ್ಲಿ ಬರೆದು ಎಲ್ಲರಿಂದ ಸಹಿ ಹಾಕಿಸಿದ್ದೆ: ‘ತರಗತಿಯಲ್ಲಿ ಪಾಠ ನಡೆಯುವಾಗ ಶಿಕ್ಷಕರು ಕುಳಿತಿರಕೂಡದು. ನಿಂತು ಪಾಠ ಮಾಡಲಾರದವರು ಕೆಲಸದಲ್ಲಿ ಮುಂದುವರಿಯುವ ಬಗ್ಗೆ ತಾವೇ ಯೋಚಿಸುವುದು.’ ಎರಡನೆಯ ವಾಕ್ಯ ಬರೆದಾಗ ನನಗೆ ನಲವತ್ತಮೂರು ವರ್ಷ, ಎರಡೂ ಕಾಲು ಗಟ್ಟಿಯಾಗಿದ್ದವು. ಈಗ ಅದು ನನ್ನನ್ನೇ ನೋಡುತ್ತಿತ್ತು. ಸಾವಿತ್ರಿಗೆ ಹೇಳಿಬಿಟ್ಟಿದ್ದೆ, “ಇವತ್ತು ನನ್ನ ನಾಲ್ಕು ಪೀರಿಯಡ್ಡೂ ನಿಂತು ಮಾಡಿದ್ರೆ ಕೆಲಸದಲ್ಲಿ ಇರ್ತೀನಿ. ಆಗಲಿಲ್ಲ ಅಂದ್ರೆ ಸಂಜೇನೇ ನಿವೃತ್ತಿಗೆ ಅರ್ಜಿ ಬರೆದುಕೊಟ್ಟು ಬರ್ತೀನಿ.”

“ಯಾರಕ್ಕ ಹಂಗೆ ಹೇಳಿದ್ದು?”

“ನಾನೇ.”

“ಹಂಗಾದ್ರೆ ನೀನೇ ಬೇಡ ಅನ್ನು, ಮುಗೀತು.”

ಶಿಸ್ತು ಎಂದರೆ ಏನೆಂದು ಸಾವಿತ್ರಿಗೆ ಚಿಕ್ಕಂದಿನಿಂದಲೂ ಗೊತ್ತಿಲ್ಲ. ಆದರೆ ಕೈಕೆಲಸದಲ್ಲಿ ಬಲು ಚುರುಕು. ಒಂದು ಕಡೆ ಎದೆ ಇಲ್ಲದೆ ಕುಪ್ಪಸ ಜೋಲುವುದನ್ನು ನೋಡಿ ಅವಳೇ ಮಲ್ ಬಟ್ಟೆಯಲ್ಲಿ ಒಂದು ದುಂಡನೆಯ ಚೀಲ ಹೊಲಿದಳು. ಮೊದಲು ಹತ್ತಿ ತುಂಬಿದಳು. ಅದು ಹಗುರವಾಗಿ ಕತ್ತಿನ ಕಡೆಗೆ ಏರಿ ಬರುತ್ತಿತ್ತು. ಆಮೇಲೆ ಊರಿನಿಂದ ತಂದಿದ್ದ ರಾಗಿಯ ಡಬ್ಬ ಎಳೆದುಕೊಂಡು ಕೂತಳು. “ಅಕ್ಕ, ಎಷ್ಟು ಹಾಕ್ಲಿ? ಪಾವೋ, ಅಚ್ಚೇರೋ?”

“ನನ್ನನ್ನೇನು ಮದುವೆಗೆ ಕಳಿಸ್ತಿದೀಯಾ? ಪಾವು ಸಾಕು.”

ರಾಗಿಯ ತೂಕ ಹೇಳಿ ಮಾಡಿಸಿದ ಹಾಗಿತ್ತು. ಕುಪ್ಪಸಕ್ಕೊಂದು ಒಳಜೇಬು ಹೊಲಿದು ಅದರಲ್ಲಿ ಚೀಲವನ್ನು ಕೂರಿಸಿದಳು. ಹೊಸ ಬಟ್ಟೆಯ ಗಂಜಿ ವಾಸನೆ ಹೋಗಲೆಂದು ಶನಿವಾರವೇ ಒಗೆದು ಒಣಗಿಸಿಯೂ ಇಟ್ಟಿದ್ದಳು. ಸೋಮವಾರ ಹಾಕಿಕೊಂಡಾಗ ಸ್ವಲ್ಪ ತಣ್ಣಗಿದೆಯಲ್ಲ ಎನಿಸಿತು. ಆದರೆ ಬಸ್ಸಿಗೆ ಹೊತ್ತಾಗಿತ್ತು. ಉದುರಿ ಉಳಿದ ಬಿಳಿಕೂದಲಿಗೆ ಚೌರಿ ಕಟ್ಟುತ್ತೇನೆ ಎಂದು ಅವಳು ಹಿಂದೆಯೇ ಬಂದಳು. ಬೇಡವೆಂದೆ. ಕುಪ್ಪಸದೊಳಗೆ ಒಂದು ಸುಳ್ಳು ಸಾಕು, ತಲೆಯ ಮೇಲೂ ಇನ್ನೊಂದನ್ನು ಹೊರುವಷ್ಟು ತ್ರಾಣವಿರಲಿಲ್ಲ.

ಬಸ್ಸು ತುಂಬಿತ್ತು. ಕಂಡಕ್ಟರು ನನ್ನ ಮುಖ ನೋಡಿದವನೇ, “ಅಜ್ಜಿಗೆ ಸೀಟ್ ಬಿಡ್ರೀ” ಎಂದ. ಎದ್ದವರು ಕಡಬದ ಕಡೆಯ ಒಬ್ಬ ಯಜಮಾನರು, ಬಾಯಲ್ಲಿ ಹಲ್ಲಿಲ್ಲ, ಕೈಯಲ್ಲಿ ಕೋಲು.

“ಕೂತ್ಕಳವ್ವ, ವಯಸ್ಸಾದೋಳು.”

“ನಿಮಗೆಷ್ಟು ವಯಸ್ಸು?” ಎಂದೆ.

“ಎಪ್ಪತ್ತೋ ಎಪ್ಪತ್ತೆರಡೋ. ನಂದು ಬುಡು, ಗಟ್ಟಿ ಜೀವ.”

“ನನಗೆ ಐವತ್ತೊಂದು.”

ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಬುದ್ಧಿಗೂ ವಯಸ್ಸಾಗಿದೆ ಎಂದುಕೊಂಡಿರಬೇಕು, “ಆಯ್ತು ಕಣವ್ವ, ಕೂತ್ಕ” ಎಂದು ಸಮಾಧಾನ ಹೇಳಿದರು. ನನಗೆ ಅಭಿಮಾನ ಬಂತು. ಕೂರಲಿಲ್ಲ. ಬಿಟ್ಟುಕೊಟ್ಟ ಸೀಟಿಗೆ ಮರಳಿ ಕೂರಲು ಅವರಿಗೂ ಅಭಿಮಾನ. ಇಬ್ಬರೂ ಕಂಬಿ ಹಿಡಿದು ನಿಂತೆವು. ಕೊನೆಗೆ ಸೊಪ್ಪಿನ ಬುಟ್ಟಿಯ ಹೆಂಗಸೊಬ್ಬಳು ನಮ್ಮಿಬ್ಬರ ನಡುವೆ ನುಸುಳಿ ಆ ಸೀಟಿನಲ್ಲಿ ಕೂತು ನಿದ್ದೆ ಹೋದಳು. ಗುಬ್ಬಿಯಲ್ಲಿ ಇಳಿಯುವಷ್ಟರಲ್ಲಿ, ನಾಲ್ಕು ಪೀರಿಯಡ್ಡಿಗೆಂದು ಉಳಿಸಿಟ್ಟುಕೊಂಡಿದ್ದ ಶಕ್ತಿಯಲ್ಲಿ ಅರ್ಧವನ್ನು ನಾನು ಬಸ್ಸಿನಲ್ಲೇ ಖರ್ಚು ಮಾಡಿದ್ದೆ.

ಶಾಲೆಯಲ್ಲಿ ನನ್ನ ಬದಲಿಗೆ ಇನ್‌ಚಾರ್ಜ್ ಆಗಿದ್ದವರು ರುದ್ರಪ್ಪ ಮೇಷ್ಟರು. ಒಳ್ಳೆಯವರು, ಆದರೆ ಮನಸ್ಸಿಗೆ ಬಂದದ್ದು ಬಾಯಿಗೂ ಬರುತ್ತದೆ. “ಬನ್ನಿ ಮೇಡಂ. ಗುಬ್ಬೀಲಿ ದಿನಾ ಕರೆಂಟ್ ಕಟ್ ಆಗ್ತದೆ, ನೀವು ಬೆಂಗಳೂರಲ್ಲಿ ಮೈಗೇ ಹಾಕಿಸ್ಕೊಂಡು ಬಂದ್ರಿ. ಶಾಕ್ ಹೊಡೀಲಿಲ್ವಾ?” ಎಂದರು. ಇಲ್ಲವೆಂದೆ. “ಬಹಳ ಇಳಿದುಹೋಗಿದೀರಿ. ನಮ್ಮ ತಾಯೀನ ನೋಡ್ದಂಗೆ ಆಯ್ತು” ಎಂದರು. ಅವರಿಗೆ ನನಗಿಂತ ಮೂರೇ ವರ್ಷ ಕಡಿಮೆ. ಹೊಲಿಗೆ ಟೀಚರ್ ಪುಟ್ಟತಾಯಮ್ಮ ಮಾತ್ರ ಒಂದು ಕುರ್ಚಿ ತಂದು ನನ್ನ ಹಿಂದೆ ಇಟ್ಟರು. ಆ ಕುರ್ಚಿಗೊಂದು ಹಿನ್ನೆಲೆಯಿತ್ತು. ಆರು ವರ್ಷದ ಹಿಂದೆ, ಮಂಡಿ ಬಾತು ತರಗತಿಯಲ್ಲಿ ಕುಳಿತಿದ್ದ ಇದೇ ಪುಟ್ಟತಾಯಮ್ಮನಿಗೆ ನಾನು ಮೆಮೋ ಕೊಟ್ಟಿದ್ದೆ. ಕುರ್ಚಿ ನೋಡಿಯೂ ನೋಡದವಳಂತೆ ಪ್ರಾರ್ಥನೆಗೆ ನಡೆದೆ.

ಮೊದಲನೆಯ ಪೀರಿಯಡ್ ನಿಂತೇ ಮಾಡಿದೆ. ಬಲಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲ, ಆದ್ದರಿಂದ ಬೋರ್ಡಿನ ಕೆಳಗಿನ ಅರ್ಧದಲ್ಲಷ್ಟೇ ಲೆಕ್ಕ ಬರೆದೆ. ಎರಡನೆಯದನ್ನು ಮೇಜಿಗೆ ಒರಗಿ ಮಾಡಿದೆ. ಒರಗುವುದು ಕೂರುವುದಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ಮೂರನೆಯದರಲ್ಲಿ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದೆ. ಆಗ ಶುರುವಾಯಿತು ನೋಡಿ, ಬಲಗಡೆ ಒಂದು ನವೆ. ಸೊಳ್ಳೆ ಕಡಿದಂತಲ್ಲ, ಯಾರೋ ಸಣ್ಣ ಸೂಜಿಗಳಿಂದ ಒಳಗಿನಿಂದ ಚುಚ್ಚಿ ಚುಚ್ಚಿ ನೋಡುತ್ತಿದ್ದ ಹಾಗೆ. ಕರೆಂಟ್ ಕೊಟ್ಟ ಜಾಗ, ಚರ್ಮ ಮೊದಲೇ ಸುಟ್ಟು ಕಪ್ಪಾಗಿದೆ. ಮತ್ತೆ ಬಂತೇ ಎನ್ನುವ ಆ ಪ್ರಶ್ನೆಯನ್ನು ಈ ದಾರಿಯಲ್ಲಿ ನಡೆದವರಿಗೆ ವಿವರಿಸಬೇಕಾಗಿಲ್ಲ. ಹದಿನೇಳರ ಮಗ್ಗಿ ಹೇಳುತ್ತಿದ್ದ ಮಕ್ಕಳಿಗೆ ಹಾಗೇ ಮುಂದುವರಿಸಲು ಹೇಳಿ, ಹೊಲಿಗೆ ಕೋಣೆಗೆ ಹೋದೆ.

ಪುಟ್ಟತಾಯಮ್ಮ ಒಬ್ಬರೇ ಇದ್ದರು. “ಬಾಗಿಲು ಹಾಕಿ” ಎಂದೆ. ನವೆಯ ವಿಷಯ ಹೇಳಿದೆ, ಅವರೇ ಚೀಲವನ್ನು ಹೊರಗೆ ತೆಗೆದರು. ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಮೇಡಂ, ಇದನ್ನ ಯಾರಾದ್ರೂ ಒಗೆದಿದ್ರಾ?”

“ನನ್ನ ತಂಗಿ, ಶನಿವಾರ.”

“ರಾಗಿ ತೆಗೆದು ಒಗೆದ್ರಾ, ರಾಗಿ ಸಮೇತಾನಾ?”

ನಮ್ಮ ಕಡೆ ರಾಗಿಯನ್ನು ಮೊಳಕೆ ಕಟ್ಟುವುದು ಹೇಗೆಂದು ಎಲ್ಲ ಹೆಂಗಸರಿಗೂ ಗೊತ್ತು. ನೆನೆಸಿ, ತೆಳುವಾದ ಬಟ್ಟೆಯಲ್ಲಿ ಕಟ್ಟಿ, ಬೆಚ್ಚಗಿರುವ ಕಡೆ ಎರಡು ದಿನ ಇಡಬೇಕು. ಸಾವಿತ್ರಿ ಮೂರನ್ನೂ ಚಾಚೂ ತಪ್ಪದೆ ಮಾಡಿದ್ದಳು. ಶನಿವಾರದ ಮೋಡದಲ್ಲಿ ಮೇಲುಬಟ್ಟೆ ಒಣಗಿತ್ತು, ಒಳಗೆ ಒಣಗಿರಲಿಲ್ಲ. ಅದನ್ನು ಬಚ್ಚಲೊಲೆಯ ಪಕ್ಕದ ಗೂಡಿನಲ್ಲಿ ಇಟ್ಟಿದ್ದಳು. ಉಳಿದ ಬಿಸಿಯನ್ನು ಬೆಳಗಿನಿಂದ ನಾನು ಒದಗಿಸಿದ್ದೆ. ಮಲ್ ಬಟ್ಟೆಯ ತುಂಬ ಬಿಳಿಯ ಬೇರುಗಳು ಗಡ್ಡದ ಹಾಗೆ ಹೊರಗೆ ಬಂದಿದ್ದವು.

“ಒಳ್ಳೆ ಮೊಳಕೆ ಮೇಡಂ. ಒಣಗಿಸಿ, ಹುರಿದು, ಹಿಟ್ಟು ಮಾಡಿಸಿದ್ರೆ ನನ್ನ ಮೊಮ್ಮಗೂಗೆ ಒಂದು ವಾರ ಆಗ್ತದೆ” ಎಂದರು ಪುಟ್ಟತಾಯಮ್ಮ, ಮುಖವನ್ನು ಒಂದಿಷ್ಟೂ ಅಲುಗಿಸದೆ.

ಮೊದಲು ನಗು ಬಂದದ್ದು ಯಾರಿಗೋ ತಿಳಿಯದು. ಏಳು ತಿಂಗಳಿನಿಂದ ಜನ ನನ್ನ ಮುಂದೆ ಪಿಸುಮಾತಿನಲ್ಲಿ ಮಾತಾಡುತ್ತಿದ್ದರು. ಅಷ್ಟೂ ದಿನದ ನಗು ಎಲ್ಲಿ ಕೂತಿತ್ತೋ, ಒಟ್ಟಿಗೆ ಬಂತು. ಆಪರೇಷನ್ನಿನ ಹೊಲಿಗೆಯ ಜಾಗ ಎಳೆಯುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು, ನಿಲ್ಲಿಸಲಾಗಲಿಲ್ಲ. ಪುಟ್ಟತಾಯಮ್ಮ ಹೊಲಿಗೆ ಮೆಷಿನ್ನಿನ ಮೇಲೆ ತಲೆಯಿಟ್ಟು ಅಲುಗುತ್ತಿದ್ದರು. ನಗು ನಿಂತ ಮೇಲೆ ನೋಡಿಕೊಂಡರೆ ನಾನು ಕುರ್ಚಿಯ ಮೇಲೆ ಕೂತಿದ್ದೆ, ಮತ್ತು ಏಳಲು ಆಗುತ್ತಿರಲಿಲ್ಲ. ಕಾಲುಗಳು ತಮ್ಮ ರಾಜೀನಾಮೆಯನ್ನು ನನಗಿಂತ ಮೊದಲೇ ಕೊಟ್ಟಿದ್ದವು.

“ನಂದು ಇನ್ನೂ ಒಂದು ಪೀರಿಯಡ್ ಇದೆ. ಏಳನೇ ತರಗತಿ” ಎಂದೆ. “ಆಗಲ್ಲ ಪುಟ್ಟತಾಯಮ್ಮ. ಅರ್ಜಿ ಬರೀತೀನಿ.”

ಅವರು ಕಸೂತಿ ತರಗತಿಯ ಬಟ್ಟೆಚೂರುಗಳನ್ನು ಆರಿಸಿ ಬೇರೆ ಚೀಲಕ್ಕೆ ತುಂಬುತ್ತಿದ್ದರು. ತಲೆಯೆತ್ತಲಿಲ್ಲ. “ನಿಮ್ಮ ಮೆಮೋ ಬಂದ ದಿನ ನಾನೂ ಹಂಗೇ ಅಂದ್ಕೊಂಡೆ ಮೇಡಂ. ಮನೇಲಿ ಮೂರು ಜನ ಹೆಣ್ಣುಮಕ್ಕಳಿದ್ರು, ಅದಕ್ಕೆ ಬರೀಲಿಲ್ಲ. ಆರು ವರ್ಷ ನಿಂತ್ಕೊಂಡೇ ಸೂಜಿಗೆ ದಾರ ಪೋಣಿಸೋದು ಹೇಳಿಕೊಟ್ಟಿದೀನಿ. ಸೂಜಿ ಕೆಲಸ, ಯಾರಾದ್ರೂ ನಿಂತ್ಕೊಂಡು ಮಾಡ್ತಾರಾ?”

ನಾಚಿಕೆಯ ಸಂಗತಿಯೆಂದರೆ, ಆರು ವರ್ಷದಲ್ಲಿ ಒಮ್ಮೆಯೂ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ.

ಅರ್ಜಿಯನ್ನು ಸಂಜೆಗೆ ಬಿಟ್ಟು, ಹೊಸ ಚೀಲ ಸಿಕ್ಕಿಸಿಕೊಂಡು, ಏಳನೇ ತರಗತಿಗೆ ಅವರ ತೋಳು ಹಿಡಿದು ಹೋದೆ. ಇನ್ನೊಂದು ಕೈಯಲ್ಲಿ ಕುರ್ಚಿಯನ್ನೂ ಅವರೇ ಹೊತ್ತು ತಂದರು. ನಾನು ಕೂತೆ. ತರಗತಿ ಉಸಿರು ಬಿಗಿಹಿಡಿಯಿತು. ಅದು ಗೌರವವಲ್ಲ, ಈಕೆ ಇಲ್ಲೇ ಏನಾದರೂ ಆಗಿಬಿಟ್ಟರೆ ಎನ್ನುವ ಭಯ. ಬೋರ್ಡಿನ ಕೆಳಗಿನ ಭಾಗದಲ್ಲಿ ಕೂತೇ ಬರೆದೆ. ಹಿಂದಿನ ಬೆಂಚಿಗೆ ಕಾಣಲಿಲ್ಲ. “ಕಾಣದಿದ್ದರೆ ನಿಂತುಕೊಳ್ಳಿ” ಎಂದೆ, ನಿಂತರು. ಬಡ್ಡಿ ಲೆಕ್ಕ ಉದ್ದವಾದಾಗ ಎತ್ತರದ ಹುಡುಗಿಯೊಬ್ಬಳು ತಾನಾಗಿಯೇ ಬಂದು ಸೀಮೆಸುಣ್ಣ ಇಸಿದುಕೊಂಡು, “ನೀವು ಹೇಳಿ ಮಿಸ್, ನಾನು ಮೇಲೆ ಬರೀತೀನಿ” ಎಂದಳು. ಅವಳು ಮೂರನೆಯ ಸಾಲಿನಲ್ಲಿ ತಪ್ಪು ಮಾಡಿದಳು, ಹಿಂದೆ ನಿಂತಿದ್ದವರು ಕೂಗಿ ತಿದ್ದಿದರು. ಲೆಕ್ಕ ಅವರಿಗೆ ಬಂದಿತ್ತು. ನನ್ನ ನಿಲ್ಲುವಿಕೆಗೂ ಅವರ ಕಲಿಕೆಗೂ ಇದೆಯೆಂದು ನಾನು ನಂಬಿಕೊಂಡಿದ್ದ ಸಂಬಂಧ ಅಷ್ಟೇನೂ ಗಟ್ಟಿಯಾದದ್ದಲ್ಲ ಎಂದು ಗಂಟೆ ಹೊಡೆಯುವಷ್ಟರಲ್ಲಿ ಒಪ್ಪಿಕೊಳ್ಳಬೇಕಾಯಿತು.

ಸಂಜೆ ನಾಲ್ಕೂವರೆಗೆ ಸ್ಟಾಫ್ ರೂಮಿನಲ್ಲಿ ಎಲ್ಲರನ್ನೂ ಸೇರಿಸಿದೆ. ಸೂಚನಾ ಪುಸ್ತಕ ತರಿಸಿ ಬರೆದೆ: ‘ಹಿಂದಿನ ಸೂಚನೆಯನ್ನು ರದ್ದುಪಡಿಸಲಾಗಿದೆ. ಅವಶ್ಯವಿದ್ದಾಗ ಶಿಕ್ಷಕರು ಕುಳಿತು ಪಾಠ ಮಾಡಬಹುದು. ಈ ವಿಷಯದಲ್ಲಿ ಹಿಂದೆ ಕೊಟ್ಟ ಮೆಮೋ ತಪ್ಪಾಗಿತ್ತು.’ ಪರೀಕ್ಷೆಯಲ್ಲಿ ಫೇಲಾದವಳು ಪ್ರಶ್ನೆಪತ್ರಿಕೆಯನ್ನೇ ತಿದ್ದಿದಳೆಂದು ಯಾರಾದರೂ ಹೇಳಬಹುದು. ಹೇಳಲಿ. ಅರ್ಜಿ ಬರೆಯಲು ಬೇಕಾದ ತ್ರಾಣ ನನ್ನಲ್ಲಿರಲಿಲ್ಲ, ಇದು ಅದಕ್ಕಿಂತ ಮೂರು ಸಾಲು ಕಡಿಮೆ.

ರುದ್ರಪ್ಪ ಮೇಷ್ಟರು ಓದಿ, “ಅವಶ್ಯ ಅಂತ ಯಾರು ತೀರ್ಮಾನ ಮಾಡೋದು ಮೇಡಂ?” ಎಂದು ಕೇಳಿದರು.

“ಅವರವರ ಕಾಲು” ಎಂದರು ಪುಟ್ಟತಾಯಮ್ಮ. ಕೊನೆಯ ಸಾಲನ್ನು ಎರಡು ಸಲ ಓದಿ ಸಹಿ ಹಾಕಿದರು.

ಪುಸ್ತಕ ಕೈಯಿಂದ ಕೈಗೆ ಹೋಯಿತು. ನನ್ನ ಸೇವಾವಧಿಯಲ್ಲಿ ಒಂದು ಸೂಚನೆಗೆ ಯಾರೂ ಸಬೂಬು ಹೇಳದೆ, ಪೆನ್ನಿಲ್ಲ ಎನ್ನದೆ, ಇಷ್ಟು ಬೇಗ ಎಲ್ಲರೂ ಸಹಿ ಹಾಕಿದ್ದು ಇದೇ ಮೊದಲು. ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ಪುಸ್ತಕ ಮರಳಿ ಬಂತು. ಕೊನೆಯ ಸಹಿ ನನ್ನದು. ಅದನ್ನು ನಿಂತುಕೊಂಡೇ ಹಾಕಿದೆ. ಆದೇಶ ಆಗಲೇ ಜಾರಿಗೆ ಬಂದಿತ್ತು, ಕೋಣೆಯಲ್ಲಿ ಒಂದು ಕುರ್ಚಿಯೂ ಖಾಲಿ ಇರಲಿಲ್ಲ.