ಬಾವನಿಗೆ ಮರ್ಯಾದೆ ಮಾಡಿದ್ದು

ಮರ್ಯಾದೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ನಾನು ಆಗ ನಂಬಿದ್ದೆ. ಮದ್ದೂರಿನ ಪ್ರೈಮರಿ ಶಾಲೆಯ ಮೇಷ್ಟ್ರು ನಾನು. ಎದುರಿಗೆ ಕರು ಬಂದರೂ ದಾರಿ ಬಿಟ್ಟು ನಿಲ್ಲುವವನು. ಇಂಥ ನನ್ನ ಜೊತೆಗೂ ನನ್ನ ಹೆಂಡತಿಯ ಅಣ್ಣ ಬೋರೇಗೌಡ ಮೂರು ವರ್ಷ ಮಾತು ಬಿಟ್ಟಿದ್ದ.

ತಪ್ಪು ನನ್ನದೇ. ಗೌರಿಹಬ್ಬಕ್ಕೆ ತಂಗಿಗೆ ಬಾಗಿನ ಕೊಡಲು ಚಿಕ್ಕರಸಿನಕೆರೆಯಿಂದ ಬಂದಿದ್ದವನು ನಮ್ಮ ಜಗುಲಿಯಲ್ಲಿ ಇಸ್ಪೀಟು ಆಡಲು ಕೂತ. ಇಳಿಸಬಾರದ ಎಲೆಯೊಂದನ್ನು ಇಳಿಸಿದ. ನಾನು ‘ಎಮ್ಮೆ’ ಎಂದುಬಿಟ್ಟೆ. ಅವನು ನಕ್ಕ, ಊಟ ಮಾಡಿದ, ಊರಿಗೆ ಹೋದ. ನನಗೆ ಮಾತ್ರ ಮನಸ್ಸು ನಿಲ್ಲಲಿಲ್ಲ. ಮರುದಿನವೇ ಕ್ಷಮೆ ಕೇಳಿ ಅಂಚೆ ಕಾರ್ಡು ಬರೆದೆ. ಮುತ್ತು ಪೋಣಿಸಿದಂಥ ಅಕ್ಷರ; ಒಂದು ಒತ್ತಕ್ಷರವೂ ತಪ್ಪಿರಲಿಲ್ಲ. ಉತ್ತರ ಬರಲಿಲ್ಲ. ಮುಂದಿನ ಗೌರಿಗೆ ಬಾಗಿನ ಬೇರೆಯವರ ಕೈಲಿ ಬಂತು.

ಈಗ ಅವನೇ ಹೇಳಿಕಳಿಸಿದ್ದ: ಭಾನುವಾರ ಬರುತ್ತೇನೆ, ಹೆಣ್ಣಿನ ಮಾತಾಡುವುದಿದೆ. ಅವನ ಮಗಳು ಪುಟ್ಟತಾಯಿಯನ್ನು ಬಿಟ್ಟು ಬೇರೆ ಯಾರನ್ನೂ ಕಟ್ಟಿಕೊಳ್ಳುವುದಿಲ್ಲವೆಂದು ನಮ್ಮ ಮಗ ಶಿವಣ್ಣ ಹಟ ಹಿಡಿದು ಕೂತಿದ್ದ. ನನ್ನ ಹೆಂಡತಿ ನಿಂಗಮ್ಮ ಶನಿವಾರದಿಂದಲೇ ಮನೆ ಸಾರಿಸುತ್ತಿದ್ದಳು.

“ಈ ಸಲ ನಮ್ಮಣ್ಣನ್ನ ಏನಾರ ಅಂದ್ರೆ ನಾನೂ ಅವ್ನ ಜೊತೇಲೆ ಬಸ್ಸತ್ತಿ ಒಂಟೋಯ್ತೀನಿ. ಆಮೇಲೆ ಮುದ್ದೆ ನೀವೇ ತಿರುವ್ಕಳಿ” ಎಂದಳು.

ಮುದ್ದೆ ತಿರುವುವುದು ನನಗೆ ಗೊತ್ತಿರಲಿಲ್ಲ. ಆದ್ದರಿಂದ ಪಕ್ಕದ ಬೀದಿಯ ಮೆಕ್ಯಾನಿಕ್ ಬಾಷಾ ಸಾಹೇಬರ ಹತ್ತಿರ ಓಡಿದೆ. ಅವರು ಮೊದಲು ಮಳವಳ್ಳಿ ಕಡೆ ಒಬ್ಬ ಇಂಜಿನಿಯರ್ ದೊರೆಯ ಕಾರು ನೋಡಿಕೊಳ್ಳುತ್ತಿದ್ದವರು. ದೊರೆಗಳು ಆಡುವ ಪೋಕರ್ ಎಂಬ ಆಟವನ್ನು ಬಾಗಿಲ ಬಳಿ ನಿಂತೇ ಕಲಿತಿದ್ದರು. ಇಸ್ಪೀಟಿನಲ್ಲಿ ಮುರಿದದ್ದನ್ನು ಇಸ್ಪೀಟಿನಲ್ಲೇ ಕೂಡಿಸಬೇಕೆಂಬುದು ನನ್ನ ಯೋಜನೆ.

“ತನಗಿಂತ ಕಮ್ಮಿ ಆಡೋರ ಜೊತೆ ಕೂರೋದಕ್ಕೂ ಒಂದು ತಮೀಜು, ಮರ್ಯಾದೆ ಐತೆ ಮೇಷ್ಟ್ರೇ. ನಗಬಾರ್ದು. ಅವಸರ ಮಾಡಬಾರ್ದು. ಕೇಳ್ದೆ ಪಾಠ ಹೇಳಬಾರ್ದು. ಸೋತೋನ ಮುಂದೆ ಎದೆ ತಟ್ಕೋಬಾರ್ದು” ಎಂದರು ಸಾಹೇಬರು.

ನಾಲ್ಕನ್ನೂ ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಐದನೆಯದನ್ನು ನಾನೇ ಸೇರಿಸಿದೆ: ‘ಸಾಧ್ಯವಾದಲ್ಲೆಲ್ಲ ಸೋಲತಕ್ಕದ್ದು.’ ಮೇಷ್ಟ್ರ ಕೈಗೆ ನಿಯಮ ಸಿಕ್ಕರೆ ಅದು ಹಾಗೇ ಉಳಿಯುವುದುಂಟೆ!

ಭಾನುವಾರ ಬೆಳಗಾಯಿತು. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು, ಓಡುವುದಕ್ಕಿಂತ ಹೆಚ್ಚಾಗಿ ನಿಲ್ಲುತ್ತಿದ್ದವು. ನಾನು ಜಗುಲಿಯಿಂದ ಬೀದಿ ಕೊನೆಗೆ, ಬೀದಿ ಕೊನೆಯಿಂದ ಜಗುಲಿಗೆ ತಿರುಗಿದೆ. ಚಾಪೆ ಹಾಸಿದೆ, ಮಡಿಸಿದೆ, ಮತ್ತೆ ಹಾಸಿದೆ. “ಒಂದ್ಕಡೆ ಕುಂತ್ಕಳಿ, ನಿಮ್ಮನ್ನ ನೋಡಿ ನಂಗೂ ಎದೆ ಒಡ್ಕತಾದೆ” ಎಂದಳು ನಿಂಗಮ್ಮ. ಕೂತೆ. ಕೂತ ತಕ್ಷಣ ಬೋರೇಗೌಡ ಬಂದ.

“ದಯಮಾಡಿಸಬೇಕು, ಬೋರೇಗೌಡರು ದಯಮಾಡಿಸಬೇಕು. ತಮ್ಮ ಪ್ರಯಾಣ ಸುಖಕರವಾಗಿತ್ತೆ?” ಎಂದು ಎದ್ದು ನಿಂತು ಕೈ ಮುಗಿದೆ.

ಬೋರೇಗೌಡ ತಿರುಗಿ ಹಿಂದೆ ನೋಡಿದ. ಹಿಂದೆ ಯಾರೂ ಇರಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ನಾವಿಬ್ಬರೂ ಒಂದೇ ವಾರಿಗೆಯವರು. ನಮ್ಮ ಕಡೆ ಬಾವ ಬಾವಂದಿರು ಒಬ್ಬರನ್ನೊಬ್ಬರು ಬೈದುಕೊಂಡೇ ಮಾತಾಡಿಸುವುದು ರೂಢಿ. ನನ್ನ ಮದುವೆಯ ಚಪ್ಪರದಲ್ಲೇ ಅವನು ನನ್ನನ್ನು ‘ಒಣಕಲ ಕಡ್ಡಿ’ ಎಂದಿದ್ದ. ಅದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನೋಟುಬುಕ್ಕನ್ನು ನಂಬಿದೆ.

ನಾನು ಮೊದಲೇ ಹೇಳಿಟ್ಟಿದ್ದ ಬಾಷಾ ಸಾಹೇಬರೂ ಬಂದರು. ಮಜ್ಜಿಗೆ ಕುಡಿದು ಮೂವರೂ ಆಟಕ್ಕೆ ಕೂತೆವು. ಐದೈದು ಎಲೆ. ಒಂದೇ ಥರದ ಎಲೆ ಹೆಚ್ಚು ಕೂಡಿದವನು ಗೆದ್ದ. ಪಣಕ್ಕೆ ಹುಣಿಸೆ ಬೀಜ. ಎಲೆ ಸರಿಯಿಲ್ಲದವನು ಅವನ್ನು ಕವುಚಿಟ್ಟು ‘ಬಿಟ್ಟೆ’ ಎಂದರೆ ಸಾಕು, ಯಾರಿಗೂ ತೋರಿಸಬೇಕಾಗಿಲ್ಲ. ನನ್ನಂಥ ಸಭ್ಯನಿಗೆ ಹೇಳಿ ಮಾಡಿಸಿದ ಆಟ.

ಮೊದಲ ಕೈಯಲ್ಲಿ ನನಗೆ ಮೂರು ರಾಣಿ ಬಂದವು. “ಬಿಟ್ಟೆ” ಎಂದೆ. ಬೋರೇಗೌಡ ನಾಲ್ಕರ ಎಲೆ ಎರಡನ್ನು ಇಟ್ಟುಕೊಂಡು ಗೆದ್ದ. “ಭಲೇ, ತಮ್ಮ ಆಟದ ವೈಖರಿಯೇ ವೈಖರಿ” ಎಂದೆ. ಎರಡನೆಯ ಕೈ, ಮೂರನೆಯ ಕೈ, ಬಿಟ್ಟೆ, ಬಿಟ್ಟೆ. ಸಾಹೇಬರು ಒಂದೆರಡು ಸಲ ಗೆದ್ದು, ನನ್ನ ಮುಖ ನೋಡಿ, ಗಂಟಲು ಸರಿಮಾಡಿಕೊಂಡರು. ಬೋರೇಗೌಡನ ಮುಂದೆ ಹುಣಿಸೆ ಬೀಜ ರಾಶಿಯಾಯಿತು. ಆದರೆ ರಾಶಿ ಬೆಳೆದಷ್ಟೂ ಅವನ ಮುಖ ಸಣ್ಣಗಾಯಿತು. ಟವೆಲನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡ. ವಾಪಸ್ಸು ಬಸ್ಸು ಎಷ್ಟು ಹೊತ್ತಿಗೆಂದು ಎರಡು ಸಲ ಕೇಳಿದ. ಹೆಣ್ಣಿನ ಮಾತೇ ಎತ್ತಲಿಲ್ಲ.

ಮರ್ಯಾದೆ ಸಾಲದಾಯಿತೇನೋ ಎಂದು ನನಗೆ ಗಾಬರಿ. ಅವನಿಗೆ ದಿಂಬು ತರಿಸಿದೆ. ಬೀಸಣಿಗೆ ತೆಗೆದುಕೊಂಡು ನಾನೇ ಗಾಳಿ ಹಾಕಿದೆ!

ಆಗ ಬಂದವು ನಾಲ್ಕು ರಾಜರು. ನಾಲ್ಕೂ ಒಟ್ಟಿಗೆ, ನನ್ನ ಕೈಗೆ. ಒಳಗಿನಿಂದ ಬಳೆ ಸದ್ದು ಕೇಳಿಸಿತು. ನಿಂಗಮ್ಮ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಎಲೆ ಕವುಚಿಟ್ಟೆ. “ಬಿಟ್ಟೆ.”

ಮುಂದಿನ ಸಲ ಎಲೆ ಕಲಸುವ ಸರದಿ ಬೋರೇಗೌಡನದು. ದಪ್ಪ ಬೆರಳಿನಿಂದ ಎಲೆ ಬಾಚಿಕೊಳ್ಳುವಾಗ ನನ್ನ ಐದೂ ಅಂಗಾತವಾದವು. ನಾಲ್ಕು ರಾಜರು ಕಿರೀಟ ಹೊತ್ತು ಅವನನ್ನೇ ನೋಡಿದರು. ಅವನು ಅವರನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ.

“ಇದ್ನ ಬುಟ್ಟಾ?”

ನಾನು ಮತ್ತೆ ಬೀಸಣಿಗೆ ಎತ್ತಿಕೊಂಡೆ. ಅವನು ಟವೆಲು ಕೊಡವಿ ಎದ್ದ.

“ಬಸ್ಸಿಗೊತ್ತಾಯ್ತು, ಬತ್ತೀನಿ. ನಿಂಗಮ್ಮ, ಬಾ ಇಲ್ಲಿ, ಕೇಳುಸ್ಕೊ. ನನ್ ಮಗ್ಳು ತಪ್ಪು ಮಾಡುದ್ರೆ ಬೈದು, ಸಂಜೀಕೆ ಮರೆಯೋ ಮನೆ ಬೇಕು ನಂಗೆ. ಮನ್ಸಲ್ಲಿ ಮಡಿಕಂಡು ದಯಮಾಡ್ಸಿ ಅನ್ನೋ ಮನೆ ಬ್ಯಾಡ.”

ನಿಂಗಮ್ಮ ಹೊಸ್ತಿಲಲ್ಲೇ ಸೆರಗು ಬಾಯಿಗೆ ಹಿಡಿದು ನಿಂತಳು. ಬೋರೇಗೌಡ ಆಗಲೇ ಒಂದು ಮೆಟ್ಟಿಲು ಇಳಿದಿದ್ದ. ನನಗೆ ಎಲ್ಲಿತ್ತೋ ಆ ಸಿಟ್ಟು! ಬೆಳಗಿನಿಂದ ನುಂಗಿದ ರಾಣಿಯರೂ ರಾಜರೂ ಒಟ್ಟಿಗೆ ಮೇಲೆ ಬಂದರು.

“ಲೇ ಬೋರ, ಬಂದು ಕುತ್ಕಳ್ಲಾ ಸುಮ್ನೆ. ಎಲ್ಡು ನಾಲ್ಕು ಇಟ್ಕಂಡು ಬೀಜ ಸುರಿಯೋ ಎಮ್ಮೆ ನೀನು. ನಿಂಗೆ ಗಾಳಿ ಬೇರೆ ಬೀಸ್ದೆ ನಾನು.”

ಬೀದಿಗೆಲ್ಲ ಕೇಳಿಸಿತು. ನಿಂಗಮ್ಮ ಕಣ್ಣು ಮುಚ್ಚಿಕೊಂಡಳು. ನನ್ನ ಮುಂದಿನ ಜೀವಮಾನದ ಮುದ್ದೆಯೆಲ್ಲ ನನ್ನ ಕಣ್ಣ ಮುಂದೆ ಸೀದುಹೋಯಿತು.

ಬೋರೇಗೌಡ ಮೆಟ್ಟಿಲು ಹತ್ತಿ ಬಂದು ಚಾಪೆಯ ಮೇಲೆ ದೊಪ್ಪನೆ ಕೂತ. “ಈಗ ನಮ್ ಬಾವ ಬಂದ ನೋಡು. ಬೆಳಗ್ಗಿಂದ ಯಾರೋ ಅಮಲ್ದಾರ್ರು ಕುಂತವ್ರೆ ಅಂದ್ಕಂಡಿದ್ದೆ.”

“ಮತ್ತೆ ಮೂರು ವರ್ಸದ ಕೆಳಗೆ ಎಮ್ಮೆ ಅಂದಿದ್ದಕ್ಕೆ ಯಾಕ್ಲಾ ಮಾತು ಬುಟ್ಟೆ?” ಎಂದೆ.

“ಅಂದಿದ್ಕಲ್ಲ ಕಣ್ಲಾ, ಕಾರ್ಡ್ ಬರ್ದಿದ್ಕೆ. ನಂಗೇನು ಓದಕ್ಕೆ ಬತ್ತದಾ? ಅಂಚೆಯೋನು ದೇವಸ್ಥಾನದ ಮುಂದೆ ನಿಂತ್ಕಂಡು ಗಟ್ಟಿಯಾಗಿ ಓದ್ದ. ‘ತಮ್ಮನ್ನು ಎಮ್ಮೆ ಎಂದು ಸಂಬೋಧಿಸಿದ್ದಕ್ಕಾಗಿ ತುಂಬಾ ವಿಷಾದಿಸುತ್ತೇನೆ.’ ಅವತ್ತು ಶುಕ್ರವಾರ, ಅಷ್ಟು ಜನ. ಅವತ್ತಿಂದ ನಾನು ಎಮ್ಮೆ ಬೋರಣ್ಣ. ನನ್ ಕೊಟ್ಟಿಗೇಲಿ ಇರಾದು ಬರೀ ಹಸ.”

ಮೂರು ವರ್ಷ ನಾನು ಹೆಮ್ಮೆಪಟ್ಟುಕೊಂಡಿದ್ದ ಒತ್ತಕ್ಷರಗಳೆಲ್ಲ ಆ ಕ್ಷಣ ನನ್ನನ್ನೇ ಒತ್ತಿದವು. ನಮ್ಮ ಜಗುಲಿಯಲ್ಲಿ ಮೂವರಿಗೆ ಕೇಳಿಸಿದ್ದ ಮಾತನ್ನು ನಾನೇ ಅಂಚೆಯಲ್ಲಿ ಊರಿಗೆಲ್ಲ ಹಂಚಿದ್ದೆ. ನಿಜವಾಗಿ ನಾಚಿಕೆಯಾಯಿತು.

“ಮೇಷ್ಟ್ರೇ, ನಗಬೇಡಿ ಅಂದಿದ್ದೆ. ಸೋಲಿ ಅಂತ ಯಾವಾಗ ಅಂದಿದ್ದೆ?” ಎಂದರು ಬಾಷಾ ಸಾಹೇಬರು.

ಮತ್ತೆ ಆಟ ಶುರುವಾಯಿತು. ಈ ಸಲ ಬೈದುಕೊಂಡು, ಬಾಯಿ ತುಂಬ ನಕ್ಕುಕೊಂಡು, ಮರ್ಯಾದೆಯ ಸೋಂಕಿಲ್ಲದೆ. ನಾನು ನನ್ನ ಬುದ್ಧಿಯನ್ನೆಲ್ಲ ಖರ್ಚುಮಾಡಿ ಆಡಿದೆ. ಬೋರೇಗೌಡ ಕೈಯಲ್ಲಿ ಏನೂ ಇಲ್ಲದೆಯೇ ಬೀಜ ಸುರಿದು ನನ್ನನ್ನು ಹೆದರಿಸಿದ. ಊಟದ ಹೊತ್ತಿಗೆ ನನ್ನ ಮುಂದೆ ಒಂದು ಬೀಜವೂ ಉಳಿದಿರಲಿಲ್ಲ.

“ಈಗ್ಲೂ ಮರ್ಯಾದೆಗೆ ಬುಟ್ರಾ?” ಎಂದು ನಿಂಗಮ್ಮ ಮೆಲ್ಲಗೆ ಕೇಳಿದಳು. ಹೌದೆಂದು ತಲೆಯಾಡಿಸಿದೆ. ಅವಳು ನಂಬಲಿಲ್ಲ.

ಊಟದ ಎಲೆಯ ಮುಂದೆ ಕೂತು ಬೋರೇಗೌಡ ಹೆಣ್ಣು ಕೊಡುವ ಮಾತಾಡಿದ. ವರದಕ್ಷಿಣೆ, ಉಡುಗೊರೆಯ ಪ್ರಸ್ತಾಪವೇ ಬರಲಿಲ್ಲ. ಹೆಣ್ಣಿನ ಕಡೆಯಿಂದ ಒಂದೇ ಒಂದು ಷರತ್ತು. ಅದಕ್ಕೆ ನನ್ನ ಹೆಂಡತಿ ಮಗ ಇಬ್ಬರೂ ನನ್ನನ್ನು ಕೇಳದೆಯೇ ಒಪ್ಪಿಕೊಂಡರು.

ಹೀಗಾಗಿ, ಊರಿಗೆಲ್ಲ ಅಕ್ಷರ ಕಲಿಸಿದ ಮೇಷ್ಟ್ರ ಮಗನ ಲಗ್ನಪತ್ರಿಕೆಯನ್ನು ಮೆಕ್ಯಾನಿಕ್ ಬಾಷಾ ಸಾಹೇಬರು ಬರೆದರು. ಏಳು ತಪ್ಪುಗಳಿದ್ದವು. ನಾನು ಒಂದನ್ನೂ ತಿದ್ದಲಿಲ್ಲ.