ತಮ್ಮಯ್ಯಾಚಾರ್ರ ಬೆಂಚು ಪರೀಕ್ಷೆ

ಚಿನಕುರಳಿಯ ಬಡಗಿ ತಮ್ಮಯ್ಯಾಚಾರ್ರು ಮರದ ವಿಷಯದಲ್ಲಿ ಮೋಸ ಹೋದದ್ದನ್ನು ಕಂಡವರು ಊರಿನಲ್ಲಿ ಯಾರೂ ಇರಲಿಲ್ಲ. ತೊಗಟೆ ಮುಟ್ಟಿ ಮರದ ವಯಸ್ಸು ಹೇಳುತ್ತಿದ್ದರು. ಬೆರಳ ಗೆಣ್ಣಿನಿಂದ ಎರಡೇಟು ತಟ್ಟಿ ಒಳಗೆ ಹುಳು ಬಿದ್ದಿದೆಯೋ ಇಲ್ಲವೋ ಹೇಳುತ್ತಿದ್ದರು. ಹೀಗಿರುವಾಗ, ತೊಂಬತ್ತೈದರ ಜೂನ್ ತಿಂಗಳಲ್ಲಿ ಮಗಳು ಪ್ರಮೀಳಾ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದು, “ಪಿಯುಸಿಗೆ ಸೈನ್ಸ್ ತಗೊಂಡು ಎಂಜಿನಿಯರ್ ಆಗ್ತೀನಿ” ಎಂದಾಗ, ಕಾಲೇಜು ಆರಿಸುವ ಹೊಣೆಯನ್ನು ಅವರು ಇನ್ನೊಬ್ಬರಿಗೆ ಬಿಡುವುದುಂಟೆ?

“ಯಾರ ಮಾತೂ ಕೇಳಕಿಲ್ಲ!” ಎಂದು ಮುದ್ದೆ ಮುರಿಯುತ್ತಾ ಘೋಷಿಸಿದರು. “ನಾಕು ತಾಲ್ಲೂಕು ಸುತ್ತಿ ನಾಕು ಕಾಲೇಜು ನೋಡ್ತೀನಿ. ಗಟ್ಟಿ ಯಾವ್ದು, ಟೊಳ್ಳು ಯಾವ್ದು ನಾನೇ ಯೋಳ್ತೀನಿ. ಮರ ನೋಡೋ ಕಣ್ಣಿಗೆ ಕಾಲೇಜು ಯಾವ ಲೆಕ್ಕ!”

ಹೆಂಡತಿ ಮಂಗಳಮ್ಮ ಸಾರು ಬಿಡುತ್ತಾ, “ಪಾಂಡವಪುರದ ಕಾಲೇಜು ಅತ್ರದಲ್ಲೇ ಅದೆ. ಬೆಳಿಗ್ಗೆ ಬಸ್ಸು ಅತ್ತಿದ್ರೆ ಸಂಜೆ ಮನೇಲಿರ್ತಾಳೆ. ಐಸ್ಕೂಲ್ ಮೇಷ್ಟ್ರೂ ಅಲ್ಲಿಗೇ ಸೇರ್ಸಿ ಅಂದ್ರು” ಎಂದರು.

“ಇತ್ತಲ ಗಿಡ ಮದ್ದಲ್ಲ ಕಣಮ್ಮಿ.”

“ಅದು ಗಿಡದ ತಪ್ಪಲ್ಲ, ಇತ್ತಲ ಕಡೆ ಓಗದೆ ಇರೋರ ತಪ್ಪು,” ಎಂದು ಮಂಗಳಮ್ಮ ಪಾತ್ರೆ ಎತ್ತಿಕೊಂಡು ಒಳಗೆ ಹೋದರು.

ಆಚಾರ್ರ ಸಿದ್ಧಾಂತ ಬಹಳ ಸರಳ. ಪ್ರಿನ್ಸಿಪಾಲರು ಬಾಯಲ್ಲಿ ಏನು ಬೇಕಾದರೂ ಹೇಳಬಹುದು, ಗೋಡೆಗೆ ಸುಣ್ಣ ಹೊಡೆಸಬಹುದು, ಗೇಟಿಗೆ ಬಣ್ಣ ಬಳಿಸಬಹುದು. ಬೆಂಚು ಮಾತ್ರ ಸುಳ್ಳು ಹೇಳುವುದಿಲ್ಲ. ಬೆಂಚು ಹೇಗೋ ಹುಡುಗರು ಹಾಗೆ. ಹುಡುಗರು ಹೇಗೋ ಕಾಲೇಜು ಹಾಗೆ. ಈ ಮಹಾಸೂತ್ರವನ್ನು ತಲೆಯಲ್ಲಿಟ್ಟುಕೊಂಡು, ಮಡಿಸುವ ಅಡಿಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಅವರು ದಿಗ್ವಿಜಯಕ್ಕೆ ಹೊರಟರು.

ಶ್ರೀರಂಗಪಟ್ಟಣದಲ್ಲಿ ನೋಡಿದ ಕಾಲೇಜಿನ ಬೆಂಚುಗಳ ಮೇಲೆ ಹುಡುಗರು ಕೈವಾರದ ಮುಳ್ಳಿನಿಂದ ಹೆಸರು ಕೆತ್ತಿದ್ದರು. ಒಂದು ಗಂಡಿನ ಹೆಸರು, ಒಂದು ಹೆಣ್ಣಿನ ಹೆಸರು, ನಡುವೆ ಬಾಣ. ಆಚಾರ್ರು ಕನ್ನಡಕ ಏರಿಸಿ ನೋಡಿದರು. ಪ್ರೇಮದ ಬಗ್ಗೆ ಅವರ ತಕರಾರೇನೂ ಇರಲಿಲ್ಲ. “ಒಂದಕ್ಷರನಾದ್ರೂ ಸಮ ಐತಾ? ಕೈಯಲ್ಲಿ ಹದವೇ ಇಲ್ಲ!” ಎಂದು ಆ ಕಾಲೇಜನ್ನು ತಳ್ಳಿಹಾಕಿದರು. ಕೆ.ಆರ್. ಪೇಟೆಯಲ್ಲಿ ನೋಡಿದ ಕಾಲೇಜಿನಲ್ಲಿ ಒಂದು ಬೆಂಚಿನ ಕಾಲು ಮುರಿದು ಕೆಳಗೆ ಇಟ್ಟಿಗೆ ಕೊಟ್ಟಿದ್ದರು. “ಬೆಂಚಿಗೇ ಸ್ವಂತ ಕಾಲಿಲ್ಲ, ಮಕ್ಕಳು ಎಲ್ಲಿ ಸ್ವಂತ ಕಾಲ ಮೇಲೆ ನಿಂತಾವು?” ಎಂದು ಅಲ್ಲಿಂದಲೂ ಎದ್ದರು.

ಪಾಂಡವಪುರದಲ್ಲಿ ಪಾಠ ನಡೆಯುತ್ತಿತ್ತು. ಮೂರು ಜನರ ಬೆಂಚಿನಲ್ಲಿ ಐದು ಜನ ಕೂತು ಬರೆದುಕೊಳ್ಳುತ್ತಿದ್ದರು. ಬೆಂಚಿನ ಅಂಚುಗಳು ಸವೆದು ಗುಂಡಗಾಗಿದ್ದವು, ಪಾಲಿಷ್ ಎಂಬುದು ಹಿಂದಿನ ಜನ್ಮದ ಮಾತಾಗಿತ್ತು. ಆಚಾರ್ರು ಪಾಠದ ನಡುವೆಯೇ ಒಳಗೆ ಹೋಗಿ ಕೊನೆಯ ಬೆಂಚನ್ನು ಹಿಡಿದು ಅಲ್ಲಾಡಿಸಿದರು. ಬೆಂಚು ‘ಕಿರ್’ ಎಂದಿತು. ಲೆಕ್ಚರರು ಪಾಠ ನಿಲ್ಲಿಸಿದರು. ಆಚಾರ್ರು ನೆಟ್ಟಗೆ ಪ್ರಿನ್ಸಿಪಾಲ್ ಚಲುವರಾಜು ಅವರ ಕೋಣೆಗೆ ನುಗ್ಗಿದರು.

“ಸಾ, ಇವು ಬೆಂಚಲ್ಲ, ಕುರಿದೊಡ್ಡಿಗೆ ಕಟ್ಟೋ ಬಿದಿರು ಗಳ! ಮಕ್ಕಳು ಕೂತೂ ಕೂತೂ ಸವೆಸಾಕ್ಬುಟ್ಟವ್ರೆ!”

ಪ್ರಿನ್ಸಿಪಾಲರು ತಲೆಯೆತ್ತಿ, “ಬೆಂಚು ಇರೋದು ಕೂರೋದಕ್ಕೇ ಅಲ್ಲವೇನ್ರೀ?” ಎಂದು ಕೇಳಿದರು.

ಇಂಥ ಕ್ಷುಲ್ಲಕ ಪ್ರಶ್ನೆಗೆ ಉತ್ತರ ಕೊಡುವ ಗೋಜಿಗೆ ಆಚಾರ್ರು ಹೋಗಲಿಲ್ಲ.

ಉಳಿದದ್ದು ನಾಗಮಂಗಲ. ಪೇಟೆಯಾಚೆ ಎರಡು ವರ್ಷದ ಹಿಂದೆ ಶುರುವಾದ ಒಂದು ಖಾಸಗಿ ಕಾಲೇಜು. ಒಳಗೆ ಕಾಲಿಟ್ಟವರು ಅಲ್ಲೇ ನಿಂತುಬಿಟ್ಟರು. ತೇಗದ ಬೆಂಚು! ಸಾಲಾಗಿ, ದಾರ ಹಿಡಿದು ಜೋಡಿಸಿದ ಹಾಗೆ. ಒಂದು ಗೀರಿಲ್ಲ, ಒಂದು ಶಾಯಿ ಕಲೆಯಿಲ್ಲ, ಮುಖ ನೋಡಿಕೊಂಡು ಮೀಸೆ ತಿದ್ದಬಹುದು, ಅಂಥ ಪಾಲಿಷ್. ಅಟೆಂಡರ್ ಮರಿಸ್ವಾಮಿ ಒದ್ದೆ ಬಟ್ಟೆಯಲ್ಲಿ ಬೆಂಚು ಒರೆಸುತ್ತಿದ್ದ. ಇಡೀ ಕಟ್ಟಡದಲ್ಲಿ ನೊಣದ ಸದ್ದೂ ಇರಲಿಲ್ಲ.

“ಉಡುಗ್ರೆಲ್ಲಿ?”

“ಮನೇಲಿ ಓದ್ಕೋತಾವ್ರೆ ಸಾ.”

ಎಂಥಾ ಶಿಸ್ತು! ಆಚಾರ್ರ ಕಣ್ಣು ತುಂಬಿ ಬಂತು. ತಂಗಿ ಕುಳ್ಳಮ್ಮನ ಮನೆಯೂ ಅದೇ ಊರಿನಲ್ಲಿತ್ತು, ಮಗಳು ಉಳಿದುಕೊಳ್ಳುವ ಚಿಂತೆಯೂ ಇಲ್ಲ. ಆವತ್ತೇ ಅಪ್ಲಿಕೇಷನ್ನು ತುಂಬಿ, ಆವತ್ತೇ ಅಡ್ಮಿಷನ್ನು ಮಾಡಿಸಿ ಊರಿಗೆ ಬಂದರು.

“ಮೇಷ್ಟ್ರುಗಳು ಎಂಗವ್ರೆ?” ಎಂದರು ಮಂಗಳಮ್ಮ.

“ತೇಗ ಕಣಮ್ಮಿ! ಒಂದು ಗಂಟಿಲ್ಲ!”

“ನಾನು ಕೇಳಿದ್ದು ಮೇಷ್ಟ್ರುನ್ನ.”

“ಮೇಷ್ಟ್ರು ಇವತ್ತು ಬತ್ತಾರೆ, ನಾಳೆ ಓಯ್ತಾರೆ. ಬೆಂಚು ಇರ್ತದೆ!”

“ನೀವು ಓಗಿದ್ದು ಕಾಲೇಜು ನೋಡಕ್ಕೋ, ಮರದ ಡಿಪೋ ನೋಡಕ್ಕೋ?”

ಪ್ರಮೀಳಾ ಮೆಲ್ಲಗೆ ಕೇಳಿದಳು. “ಅಪ್ಪಾ, ಲ್ಯಾಬು ನೋಡಿದ್ಯಾ?”

“ಬೀಗ ಆಕಿತ್ತು ಕಣವ್ವ. ಇತ್ತಾಳೆ ಬೀಗ! ಒಳ್ಳೇ ಬೀಗ!”

ಹುಡುಗಿ ಟ್ರಂಕು ತುಂಬಿಕೊಂಡು ಸೋದರತ್ತೆಯ ಮನೆಗೆ ಹೋದಳು.

ಮೂರು ವಾರಕ್ಕೆ ಮೊದಲ ಕಾಗದ ಬಂತು. ‘ಅಪ್ಪನಿಗೆ ನಮಸ್ಕಾರ. ಬೆಂಚು ಬಹಳ ಚೆನ್ನಾಗಿದೆ. ಬೇರೆ ವಿಷಯ ಬಂದಾಗ ಹೇಳುತ್ತೇನೆ.’ ಆಚಾರ್ರು ಅದನ್ನು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ನಿಂತು ಗಟ್ಟಿಯಾಗಿ ಓದಿದರು. ಎರಡನೆಯ ಕಾಗದದಲ್ಲಿ, ‘ಇಲ್ಲಿ ಒಬ್ಬೊಬ್ಬರಿಗೆ ನಾಲ್ಕು ನಾಲ್ಕು ಬೆಂಚು ಸಿಗುತ್ತವೆ’ ಎಂದಿತ್ತು. ಅದನ್ನು ಎರಡು ಸಲ ಓದಿದರು. “ಕೇಳಿಸ್ತೇನ್ಲಾ? ಪಾಂಡವಪುರದಲ್ಲಿ ಒಂದಕ್ಕೆ ಐದು ಜನ, ಇಲ್ಲಿ ಒಬ್ಬರಿಗೆ ನಾಕು!” ಮೂರನೆಯ ಕಾಗದ ತಾಯಿಯ ಹೆಸರಿಗೆ ಬಂತು. ‘ಅಮ್ಮ, ಅಪ್ಪನಿಗೆ ಇಲ್ಲಿ ಒಂದು ದಿನ ಬಂದು ಕೂರಲು ಹೇಳು.’

ಆಗಸ್ಟಿನ ಒಂದು ಸೋಮವಾರ ಆಚಾರ್ರು ಹೋಗಿ ಕೂತರು.

ಹತ್ತು ಗಂಟೆಗೆ ಬೆಲ್ಲು ಹೊಡೆಯಿತು. ಪ್ರಮೀಳಾ ಮತ್ತು ಇನ್ನು ಮೂರು ಮಕ್ಕಳು ಬಂದು ಕೂತರು. ಹನ್ನೊಂದಕ್ಕೆ ಬೆಲ್ಲು ಹೊಡೆಯಿತು, ಯಾರೂ ಬರಲಿಲ್ಲ. ಹನ್ನೆರಡಕ್ಕೆ ಬೆಲ್ಲು ಹೊಡೆಯಿತು, ಯಾರೂ ಹೋಗಲೂ ಇಲ್ಲ. ಪ್ರಮೀಳಾ ಯಾರದೋ ಹಳೆಯ ಫಿಸಿಕ್ಸ್ ಪುಸ್ತಕ ತೆರೆದು ತನಗೆ ಅರ್ಥವಾದಷ್ಟನ್ನು ಆ ಮೂವರಿಗೆ ಹೇಳುತ್ತಿದ್ದಳು. ಅರ್ಥವಾಗದ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದಳು. ಪುಸ್ತಕದ ತುಂಬ ಗುರುತೇ ಇತ್ತು. ಮಧ್ಯಾಹ್ನ ಮೂರಕ್ಕೆ ಮರಿಸ್ವಾಮಿ ಒದ್ದೆ ಬಟ್ಟೆ ಹಿಡಿದು ಬಂದ.

“ಫಿಸಿಕ್ಸ್ ಮೇಷ್ಟ್ರು ಎಲ್ಲಿ ಮರಿಸ್ವಾಮಿ?”

“ಅವ್ರು ಓದ್ವರ್ಸ ಬುಟ್ಟೋದ್ರು ಸಾ.”

“ಕೆಮಿಸ್ಟ್ರಿ?”

“ಬತ್ತೀನಿ ಅಂದವ್ರೆ.”

“ಯಾವಾಗ?”

“ಅಂದು ಒಂದೂವರೆ ವರ್ಸ ಆಯ್ತು.”

“ಲೆಕ್ಕದವ್ರು?”

ಮರಿಸ್ವಾಮಿ ಸ್ವಲ್ಪ ಯೋಚಿಸಿದ. “ಅವ್ರ ಮದ್ವೆಗೆ ನಾನೂ ಓಗಿದ್ದೆ ಸಾ. ಊಟ ಚೆಂದಾಗಿತ್ತು. ಆಮೇಲೆ ನೋಡಿಲ್ಲ.”

ಆಚಾರ್ರು ಬೆಂಚಿನ ಅಂಚನ್ನು ಸವರಿದರು. “ಮತ್ತೆ ಈ ಬೆಂಚು... ಇಷ್ಟು ಚೆಂದಾಗಿ...”

“ಯಾರೂ ಕೂರಕಿಲ್ವಲ್ಲ ಸಾ, ಎಂಗೆ ಸವೀತದೆ?”

ಐವತ್ತು ವರ್ಷದ ಬಾಳಿನಲ್ಲಿ ತಮ್ಮಯ್ಯಾಚಾರ್ರು ಮರದ ಮುಂದೆ ಪೆಚ್ಚಾಗಿ ಕೂತದ್ದು ಅದೇ ಮೊದಲು. ಪಾಂಡವಪುರದ ಸವೆದ ಅಂಚುಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಮಗಳ ಎರಡು ತಿಂಗಳು ಹೋಗಿತ್ತು. ಹೀಗೇ ಬಿಟ್ಟರೆ ಎರಡು ವರ್ಷವೂ ಹೋಗುತ್ತದೆ, ಎಂಜಿನಿಯರಿಂಗೂ ಹೋಗುತ್ತದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮಗಳು ಬೈದಿದ್ದರೆ ಒಳ್ಳೆಯದಿತ್ತು ಅನ್ನಿಸಿತು ಅವರಿಗೆ. ಅವಳು ಬೈಯಲಿಲ್ಲ.

“ಅಪ್ಪಾ, ಈ ತಿಂಗ್ಳೊಳಗೆ ಕಾಲೇಜು ಬದ್ಲಾಯ್ಸಬೌದಂತೆ. ಪಾಂಡವಪುರದ ಪ್ರಿನ್ಸಿಪಾಲ್ರನ್ನ ಒಂದು ಮಾತು ಕೇಳ್ತೀಯಾ?”

ಯಾರನ್ನು ಕೇಳಬಾರದಿತ್ತೋ ಅವರನ್ನೇ ಕೇಳಬೇಕಾಯಿತು. ಮಾರನೆಯ ದಿನ ಆಚಾರ್ರು ಪಾಂಡವಪುರದ ಕಾಲೇಜಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಅಡಿಪಟ್ಟಿಯನ್ನು ಜೇಬಿನ ತಳಕ್ಕೆ ತಳ್ಳಿ ಒಳಗೆ ಹೋದರು.

“ಓಹೋ! ಕುರಿದೊಡ್ಡಿ ಆಚಾರ್ರು! ಬನ್ನಿ ಬನ್ನಿ!” ಎಂದರು ಚಲುವರಾಜು.

ಆಚಾರ್ರು ನಡೆದದ್ದೆಲ್ಲ ಹೇಳಿದರು. ಇದ್ದದ್ದು ಇದ್ದ ಹಾಗೆ, ತೇಗದ ಸಮೇತ. ಪ್ರಿನ್ಸಿಪಾಲರು ನಗಲಿಲ್ಲ. ಅಂಕಪಟ್ಟಿ ನೋಡಿದರು. “ಹುಡುಗಿ ಚೆನ್ನಾಗಿ ಓದ್ತಾಳೆ. ಸೀಟು ಒಂದು ಖಾಲಿಯಾಗಿದೆ. ಆದ್ರೆ ಕೂರಿಸೋದೆಲ್ಲಿ? ಐದು ಜನ ಇದ್ದ ಬೆಂಚಲ್ಲಿ ಈಗ ಆರು ಜನ. ಅವೂ ಕುರಿದೊಡ್ಡಿ ಗಳ ಬೇರೆ.”

“ಕೂರೋ ಜಾಗ ನಾನೇ ತತ್ತೀನಿ ಸಾ!” ಎಂದರು ಆಚಾರ್ರು.

ಸ್ವಂತ ಮನೆಯ ಹೆಬ್ಬಾಗಿಲಿಗೆಂದು ಒಂಬತ್ತು ವರ್ಷದಿಂದ ಅಟ್ಟದ ಮೇಲೆ ಒಣಗಿಸಿಟ್ಟಿದ್ದ ಹೊನ್ನೆ ಹಲಗೆ ಕೆಳಗಿಳಿಯಿತು. ಎಂಟು ದಿನ ಆಚಾರ್ರು ಬೇರೆ ಕೆಲಸ ಮುಟ್ಟಲಿಲ್ಲ. ಒಂದು ಮೊಳೆ ಬಡಿಯದೆ, ಬರೀ ಸಂದು ಕೂಡಿಸಿ, ಹಿಂದಕ್ಕೆ ಒರಗಲು ಹದವಾದ ಇಳಿಜಾರು ಕೊಟ್ಟು, ಕಾಲುಗಳನ್ನು ದುಂಡಗೆ ಕಡೆದು ಅವರು ಮಾಡಿದ್ದು ಬೆಂಚಲ್ಲ, ಸಿಂಹಾಸನ. ಮಂಗಳಮ್ಮ ಸುತ್ತ ಒಂದು ಪ್ರದಕ್ಷಿಣೆ ಬಂದು, “ಮೇಲೊಂದು ಕೊಡೆ ಆಕ್ಬುಡಿ, ಉತ್ಸವಕ್ಕಾಯ್ತದೆ” ಎಂದರು.

ಬೆಳಗಿನ ಪ್ರೈವೇಟ್ ಬಸ್ಸಿನ ಟಾಪಿನಲ್ಲಿ ಈರುಳ್ಳಿ ಮೂಟೆ ತುಂಬಿದ್ದವು. ಬೆಂಚನ್ನು ಒಳಗೇ ತುರುಕಬೇಕಾಯಿತು.

“ಇದೇನ್ ಆಚಾರ್ರೇ, ಆಳಾ, ಲಗೇಜಾ?” ಎಂದ ಕಂಡಕ್ಟರು.

“ಸ್ಟೂಡೆಂಟು!” ಎಂದರು ಮಂಗಳಮ್ಮ, ಬಸ್ಸಿನ ಪಕ್ಕ ಕೆಳಗೆ ನಿಂತು.

ನಿಂತಿದ್ದವರಲ್ಲಿ ಏಳು ಜನ ಅದರ ಮೇಲೆ ಕೂತು ಪಾಂಡವಪುರ ತಲುಪಿದರು. ಬೆಂಚು ಎಲ್ಲಿಯೂ ಕಿರ್ ಎನ್ನಲಿಲ್ಲ. ಪ್ರಿನ್ಸಿಪಾಲರು ಅದರ ಮೇಲೆ ಕೈಯಾಡಿಸಿ, ಪ್ರಮೀಳಾಳ ಹೆಸರನ್ನು ರಿಜಿಸ್ಟರಿನಲ್ಲಿ ಬರೆದುಕೊಂಡರು.

ನವೆಂಬರಿನಲ್ಲಿ ಅರ್ಧವಾರ್ಷಿಕ ಪರೀಕ್ಷೆಯ ಅಂಕ ನೋಡಲು ತಂದೆಯಂದಿರನ್ನು ಕರೆಸಿದರು. ಆಚಾರ್ರಿಗೆ ಅಂಕದ ಮೇಲೆ ಎಷ್ಟು ಆಸೆಯೋ ಬೆಂಚಿನ ಮೇಲೂ ಅಷ್ಟೇ. ಕ್ಲಾಸಿನ ಬಾಗಿಲಲ್ಲಿ ಇಣುಕಿದರು, ಬೆಂಚು ಕಾಣಲಿಲ್ಲ. ಪಕ್ಕದ ಕ್ಲಾಸಿನಲ್ಲೂ ಇಲ್ಲ. ಕೊನೆಗೆ ಸಿಕ್ಕಿದ್ದು ಪ್ರಿನ್ಸಿಪಾಲರ ಕೋಣೆಯಲ್ಲಿ: ಗೋಡೆಗೆ ಒರಗಿಸಿ, ಮೇಲೆ ಕಸೂತಿ ಬಟ್ಟೆ ಹಾಸಿದ್ದರು. ಆಚಾರ್ರು ಹೆಮ್ಮೆಯಿಂದ ಅದರ ಮೇಲೆ ಕೂರಲು ಹೋದರು.

“ಅಯ್ಯೋ, ಅದರ ಮೇಲೆ ಬೇಡ, ಈ ಕುರ್ಚಿಗೆ ಬನ್ನಿ!” ಎಂದರು ಚಲುವರಾಜು ಗಾಬರಿಯಿಂದ. “ಅದರ ಮೇಲೆ ಯಾರನ್ನೂ ಕೂರಿಸೋಲ್ಲ. ಎಂಥಾ ಕೆಲಸ ಆಚಾರ್ರೇ! ಮಕ್ಕಳ ಕೈಗೆ ಕೊಟ್ರೆ ಸವೆಸಿಬಿಡ್ತಾರೆ ಅಂತ ಇಲ್ಲಿಟ್ಟೆ.”

ಆಚಾರ್ರು ಅರ್ಧ ಬಗ್ಗಿದವರು ಹಾಗೇ ನಿಂತರು. “ಅಂಗಾರೆ ನನ್ನ ಮಗಳು ಎಲ್ಲಿ ಕೂತವಳೆ ಸಾ?”

ಪ್ರಮೀಳಾ ಕ್ಲಾಸಿನ ಕೊನೆಯಲ್ಲಿ ಕಿಟಕಿಯ ಕಟ್ಟೆ ಮೇಲೆ ಕೂತಿದ್ದಳು. ಗೋಡೆಗೆ ಬೆನ್ನು ಕೊಟ್ಟು, ಮೊಣಕಾಲ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಬರೆಯುತ್ತಿದ್ದಳು. ಲೆಕ್ಚರರು ಏನೋ ಕೇಳಿದರು. ಇಡೀ ಕ್ಲಾಸು ತಲೆ ಕೆಳಗೆ ಹಾಕಿತು, ಇವಳು ಕಟ್ಟೆಯಿಂದ ಇಳಿದು ನಿಂತು ಉತ್ತರ ಹೇಳಿದಳು. ಫಿಸಿಕ್ಸಿನಲ್ಲಿ, ಲೆಕ್ಕದಲ್ಲಿ ಇಡೀ ಕಾಲೇಜಿಗೇ ಮೊದಲು ಬಂದಿದ್ದಳು. ಆಚಾರ್ರಿಗೆ ಸಂತೋಷವಾಯಿತು, ಅವಮಾನವೂ ಆಯಿತು. ಯಾವುದು ಹೆಚ್ಚು ಎಂದು ಊರು ತಲುಪುವವರೆಗೂ ಗೊತ್ತಾಗಲಿಲ್ಲ.

ಮನೆಗೆ ಬಂದವರೇ ಅಟ್ಟದ ಕಡೆ ನೋಡಿದರು. “ಇನ್ನೊಂದು ಬೆಂಚು ಮಾಡ್ತೀನಿ ಕಣವ್ವ! ಈ ಸಲ ಸರಪಣಿ ಆಕಿ ಕ್ಲಾಸಿನ ಕಂಬಕ್ಕೇ ಬಿಗೀತೀನಿ!”

“ಬ್ಯಾಡ ಬುಡಪ್ಪ,” ಎಂದಳು ಪ್ರಮೀಳಾ. “ಕಿಟಕೀಲಿ ಬೆಳಕು ಚೆಂದಾಗದೆ. ಬೋರ್ಡು ಪೂರ್ತಿ ಕಾಣ್ತದೆ. ಬೆಂಚು ಬಂದ್ರೆ ಆ ಜಾಗ ಬೇರೆಯೋರು ಇಡ್ಕೋತಾರೆ.”

“ನಾನು ಏನೂ ಮಾಡ್ದೆ ಸುಮ್ನೆ ಇರಾದಾ?”

“ಮಳೆ ಬಂದಾಗ ಎರಚಲು ಒಡೆದು ಬುಕ್ಕೆಲ್ಲ ನೆನೀತದೆ. ಆ ಕಿಟಕಿಗೆ ಒಂದು ಬಾಗ್ಲು ಮಾಡ್ಕೊಡು.”

ಆಚಾರ್ರಿಗೆ ಜೀವ ಬಂತು. ಅಡಿಪಟ್ಟಿ ಹುಡುಕಲು ಎದ್ದರು. “ನಾಳೇನೇ ಓಗಿ ಅಳತೆ ತಕ್ಕಂಬತ್ತೀನಿ!”

“ನೀವು ಅಳೆದಿದ್ದು ಸಾಕು, ಕೂತ್ಕಳಿ!” ಎಂದರು ಮಂಗಳಮ್ಮ ಒಲೆಯ ಮುಂದಿನಿಂದ.

ಪ್ರಮೀಳಾ ಫಿಸಿಕ್ಸ್ ನೋಟ್‌ಬುಕ್ಕಿನಿಂದ ಒಂದು ಹಾಳೆ ತೆಗೆದು ಅಪ್ಪನ ಕೈಗಿತ್ತಳು. ಕಿಟಕಿಯ ಚಿತ್ರ. ಅಗಲ, ಎತ್ತರ, ಚೌಕಟ್ಟಿನ ದಪ್ಪ ಎಲ್ಲವೂ ಸೆಂಟಿಮೀಟರಿನಲ್ಲಿ, ಅಪ್ಪನಿಗಾಗಿ ಪಕ್ಕದಲ್ಲಿ ಇಂಚಿನಲ್ಲೂ. ಚೌಕಟ್ಟು ಒಂದು ಕಡೆ ಕಾಲಿಂಚು ವಾಲಿದೆ ಎಂದು ಮೂಲೆಯಿಂದ ಮೂಲೆಗೆ ಅಳೆದು ಗುರುತು ಹಾಕಿದ್ದಳು. ಅದು ಆಚಾರ್ರೇ ಎಷ್ಟೋ ಸಲ ಮರೆಯುತ್ತಿದ್ದ ಅಳತೆ. ಅವರು ಹಾಳೆಯನ್ನು ಬೆಳಕಿಗೆ ಹಿಡಿದು ತಪ್ಪು ಹುಡುಕಿದರು. ಬಹಳ ಹೊತ್ತು ಹುಡುಕಿದರು. ಸಿಗಲಿಲ್ಲ.

“ಎಲ್ಲಾ ಸರಿಯಾಗದೆ ಕಣವ್ವ,” ಎಂದರು ಕೊನೆಗೆ, ಧ್ವನಿ ಇಳಿಸಿ. “ಮರ ಯಾವ್ದು ಆಕಾದು? ತೇಗವೋ, ಒನ್ನೆಯೋ?”

“ಅದ್ನೂ ಬರ್ದಿವ್ನಿ ನೋಡಪ್ಪ, ಕೆಳಗೆ.”

ಆಚಾರ್ರು ಕನ್ನಡಕ ಏರಿಸಿ ನೋಡಿದರು. ಹಾಳೆಯ ತಳದಲ್ಲಿ, ದುಂಡಗಿನ ಅಕ್ಷರದಲ್ಲಿ ಬರೆದಿದ್ದಳು: ‘ಮರ: ಯಾವುದಾದರೂ ನಡೆಯುತ್ತದೆ.’