ನಡೆದುಹೋದ ವಾಕರ್

ನಮ್ಮ ಊರಿನ ಸೇವಾ ಸಂಘವನ್ನು ಒಂದೇ ತಿಂಗಳಲ್ಲಿ ಶಿಸ್ತಿಗೆ ತರುತ್ತೇನೆ ಎಂದು ನಾನು ಘೋಷಿಸಿದಾಗ ಸಭೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ಕಲಾಪ ಚಹಾ ಆಗಿದ್ದರಿಂದ ಎಲ್ಲರ ಕಣ್ಣೂ ಫ್ಲಾಸ್ಕಿನ ಮೇಲೆಯೇ ಇತ್ತು. ಆದರೂ ನಾನು ಮಾತು ನಿಲ್ಲಿಸಲಿಲ್ಲ. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು. ಹಳ್ಳಿಯಲ್ಲಿ ಕಳೆ ಕೀಳುವಾಗಲೂ ಅಷ್ಟೇ, ಈಗ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವಾಗಲೂ ಅಷ್ಟೇ, ಹಿಡಿದ ಸಾಲು ಮುಗಿಸದೆ ಸೊಂಟ ನೆಟ್ಟಗೆ ಮಾಡಿದವನಲ್ಲ.

ಸಂಘ ನನಗೆ ಒಪ್ಪಿಸಿದ್ದು ಸಲಕರಣೆ ಕೋಣೆಯನ್ನು. ಕಾಲು ಮುರಿದವರಿಗೆ, ಹಾಸಿಗೆ ಹಿಡಿದವರಿಗೆ ಪುಕ್ಕಟೆಯಾಗಿ ಕೊಟ್ಟು ವಾಪಸು ಪಡೆಯುವ ಸಾಮಾನುಗಳು ಅಲ್ಲಿರುತ್ತವೆ. ಗಾಲಿಕುರ್ಚಿ, ಊರುಗೋಲು, ತಲೆಯ ಕಡೆ ಎತ್ತರಿಸಬಹುದಾದ ಮಂಚ, ಮತ್ತು ಇಡೀ ಊರಿಗೆ ಒಂದೇ ಒಂದು ವಾಕರ್. ಹಿಡಿದುಕೊಂಡು ಹೆಜ್ಜೆ ಹಾಕುವ, ನಾಲ್ಕು ಕಾಲಿನ ಅಲ್ಯೂಮಿನಿಯಂ ಚೌಕಟ್ಟು ಅದು. 'ಇರುತ್ತವೆ' ಎಂದೆನಲ್ಲ, ಅದು ಶುದ್ಧ ಸುಳ್ಳು. ಕೋಣೆಯಲ್ಲಿ ಇರುತ್ತಿದ್ದದ್ದು ಜೇಡ ಮಾತ್ರ. ಏಕೆಂದರೆ ನಮ್ಮ ಊರಿನವರಿಗೆ ಒಂದು ಅಭ್ಯಾಸ. ತಮ್ಮ ಮನೆಯ ಕಾಲು ವಾಸಿಯಾದರೆ ಸಾಮಾನನ್ನು ಕೋಣೆಗೆ ತರುವುದಿಲ್ಲ. ಇನ್ನು ಯಾರ ಮನೆಯಲ್ಲಿ ಯಾರು ಬಿದ್ದಿದ್ದಾರೆ ಎಂದು ವಿಚಾರಿಸಿ ನೇರವಾಗಿ ಅಲ್ಲಿಗೇ ದಾಟಿಸಿಬಿಡುತ್ತಾರೆ.

"ಇದು ಅರಾಜಕತೆ," ಎಂದೆ ಸಭೆಗೆ. "ಕೆಲಸ ಮುಗಿದ ಮೇಲೂ ಸಂಘದ ಸಾಮಾನನ್ನು ಮನೆಯಲ್ಲಿಟ್ಟುಕೊಂಡವರು ಯಾರೇ ಆಗಲಿ, ಭಾನುವಾರ ಬಂದು ಈ ಹಾಲ್ ಗುಡಿಸಿ ಒರೆಸಬೇಕು."

ಅಧ್ಯಕ್ಷರು ಹಾರ್ಡ್‌ವೇರ್ ಅಂಗಡಿಯವರು. ಮೊಳೆ ತೂಗುವಷ್ಟೇ ನಿಧಾನವಾಗಿ ಮಾತನ್ನೂ ತೂಗುತ್ತಾರೆ.

"ಯಾರೇ ಆಗಲಿ ಅಂತೀರಾ ಮೇಷ್ಟ್ರೇ?"

"ಯಾರೇ ಆಗಲಿ."

"ಸರಿ, ಪಾಸಾಯ್ತು. ಚಹಾ ಹಾಕ್ರಪ್ಪ."

ಚಹಾ ಬಾಯಿಗಿಡುವಷ್ಟರಲ್ಲಿ ಟೈಲರ್ ಮಾವನ ಮಗಳು ಬಾಗಿಲಲ್ಲಿ ನಿಂತಿದ್ದಳು. ಟೈಲರ್ ಮಾವ ನನಗೆ ರಕ್ತಸಂಬಂಧಿಯಲ್ಲ, ಪ್ಯಾಂಟ್‌ಸಂಬಂಧಿ. ಕೆಲಸದ ಸಂದರ್ಶನಕ್ಕೆಂದು ನಾನು ಹಳ್ಳಿಯಿಂದ ಈ ಊರಿಗೆ ಬಂದಿಳಿದ ದಿನ, ಚಿಕ್ಕಪ್ಪನ ಪ್ಯಾಂಟಿನೊಳಗೆ ನನ್ನಂಥವರು ಇನ್ನೂ ಒಬ್ಬರು ಹಿಡಿಸುವಷ್ಟು ಜಾಗವಿತ್ತು. ಮಾವ ನನ್ನನ್ನು ಟವೆಲ್ ಸುತ್ತಿ ಕೂರಿಸಿ, ನಿಂತ ಕಾಲಲ್ಲೇ ಅದನ್ನು ನನ್ನ ಅಳತೆಗೆ ಇಳಿಸಿಕೊಟ್ಟಿದ್ದರು. ಈಗ ಅವರೇ ಮೆಟ್ಟಿಲಿಂದ ಬಿದ್ದು, ಸೊಂಟದ ಮೂಳೆಗೆ ಆಪರೇಷನ್ ಆಗಿತ್ತು.

"ನಾಳೆ ಮಧ್ಯಾಹ್ನ ಮನೆಗೆ ಕಳಿಸ್ತಾರೆ ಸರ್," ಎಂದಳು ಮಗಳು. "ಬಂದ ತಕ್ಷಣ ಎದ್ದು ನಿಲ್ಲಿಸಿ, ನಡೆಸಿ, ಮಲಗೋಕೆ ಬಿಡಬೇಡಿ ಅಂದಿದ್ದಾರೆ ಡಾಕ್ಟರ್. ಅಪ್ಪ ನೋಡಿದ್ರೆ ಹೆದರಿ, ಇನ್ನು ಮಂಚ ಬಿಟ್ಟು ಏಳಲ್ಲ ಅಂತ ಹಟ ಹಿಡಿದು ಕೂತಿದ್ದಾರೆ. ವಾಕರ್ ಒಂದು ಸಿಕ್ಕಿದ್ರೆ..."

"ನಿಮ್ಮಪ್ಪ ಬರೋದರೊಳಗೆ ವಾಕರ್ ನಿಮ್ಮ ಬಾಗಿಲಲ್ಲಿರುತ್ತಮ್ಮ," ಎಂದೆ. ಎದೆಯನ್ನೂ ಒಂದಿಷ್ಟು ಮುಂದೆ ತಂದಿದ್ದೆ ಎಂದು ನೆನಪು.

ಸಭೆ ಮುಗಿದ ಮೇಲೆ ಕೋಣೆಯ ಬೀಗ ತೆಗೆದೆ. ಜೇಡ ನನ್ನನ್ನು ನೋಡಿತು, ನಾನು ಜೇಡವನ್ನು ನೋಡಿದೆ. ವಾಕರ್ ಇರಲಿಲ್ಲ.

ಮನೆಗೆ ಬಂದರೆ ಹೆಂಡತಿ ಒಗೆದ ಬಟ್ಟೆ ಮಡಚುತ್ತಿದ್ದಳು.

"ಯಾಕ್ರೀ, ಮುಖ ಹೀಗಿದೆ?"

"ಸಂಘದ ವಾಕರ್ ಕಾಣಿಸ್ತಿಲ್ಲ."

"ವಾಕರಾ? ಅಯ್ಯೋ, ಅದು..."

"ನೋಡು, ಸಂಘದ ವಿಷಯದಲ್ಲಿ ಮನೆಯವರು ತಲೆ ಹಾಕಬಾರದು. ಅದು ನನ್ನ ತತ್ವ."

"ತಲೆ ಹಾಕ್ತಿಲ್ಲ ರೀ, ಒಂದು ಮಾತು ಹೇಳ್ತೀನಿ..."

"ತತ್ವ ಅಂದ್ರೆ ತತ್ವ ಕಣೇ."

ಅವಳು ಮಡಚಿದ ಟವೆಲನ್ನು ಇನ್ನೊಮ್ಮೆ ಮಡಚಿದಳು. "ಸರಿ. ತತ್ವಕ್ಕೆ ಕಾಫಿ ಬೇಕಾ?"

ಮರುದಿನ ಶಾಲೆಗೆ ರಜೆ. ಬೆಳಿಗ್ಗೆಯೇ ಸ್ನಾನ ಮುಗಿಸಿ, ಒದ್ದೆ ಟವೆಲನ್ನು ವರಾಂಡದ ಬಟ್ಟೆ ಸ್ಟ್ಯಾಂಡಿನ ಮೇಲೆ ಹರವಿ, ಅಲ್ಲೇ ಒಣಗಿದ್ದ ಅಂಗಿ ತೊಟ್ಟು ಹೊರಟೆ. ಬಾಗಿಲಲ್ಲಿ ಹೆಂಡತಿ ಬಾಯಿ ತೆರೆದಳು. ನಾನು ಕೈಯೆತ್ತಿ ತಡೆದೆ. ಅವಳು ಬಾಯಿ ಮುಚ್ಚಿದಳು. ನಮ್ಮ ಸಂಸಾರದಲ್ಲಿ ಇದು ಅಪರೂಪದ ಘಟನೆಯಾದ್ದರಿಂದ ನನಗೆ ಆಗಲೇ ಅನುಮಾನ ಬರಬೇಕಿತ್ತು.

ವಾಕರ್ ಮೊದಲು ಹೋಟೆಲಿನವರ ತಾಯಿಗೆ ಹೋಗಿತ್ತೆಂದು ಅಧ್ಯಕ್ಷರು ಹೇಳಿದ್ದರು. ಹೋಟೆಲಿನವರು ಗಲ್ಲಾದಲ್ಲೇ ಕೂತು ನಕ್ಕರು.

"ನಮ್ಮಮ್ಮ ಈಗ ವಾಕರ್ ಇಲ್ಲದೇನೇ ನನ್ನ ಅಟ್ಟಿಸಿಕೊಂಡು ಬರ್ತಾಳೆ ಮೇಷ್ಟ್ರೇ. ಅದನ್ನ ಆಗಲೇ ಬಸ್ ಡ್ರೈವರ್ ಮನೆಗೆ ಕೊಟ್ವಲ್ಲ."

"ಸಾರ್ವಜನಿಕ ಸ್ವತ್ತನ್ನು ಹೀಗೆ ಕೈಯಿಂದ ಕೈಗೆ ದಾಟಿಸಬಾರದು," ಎಂದು ಅವರಿಗೂ, ದೋಸೆಗೆ ಕಾದಿದ್ದ ಗಿರಾಕಿಗಳಿಗೂ ಒಂದು ಪಾಠ ಮಾಡಿ ಮುಂದೆ ನಡೆದೆ.

ನಿವೃತ್ತ ಬಸ್ ಡ್ರೈವರ್ ಅಂಗಳದಲ್ಲಿ ನೀರು ಹಾಕುತ್ತಿದ್ದರು. ಸಂಘದ ಊರುಗೋಲೊಂದು ಅವರ ಅಂಗಳದಲ್ಲಿ ನೆಟ್ಟಗೆ ನಿಂತಿತ್ತು. ಅದರ ಮೈತುಂಬ ಅವರೆ ಬಳ್ಳಿ.

"ಇದೇನು ಅನ್ಯಾಯ? ಕಾಲಿಲ್ಲದವರಿಗೆ ಇಟ್ಟ ಸಾಮಾನಲ್ವಾ ಇದು? ವಾಕರ್ ಎಲ್ಲಿ?"

"ಬಳ್ಳಿಗೆಲ್ಲಿದೆ ಮೇಷ್ಟ್ರೇ ಕಾಲು?" ಎಂದರು ಡ್ರೈವರ್. "ಕಾಯಿ ಬಿಟ್ಟ ಮೇಲೆ ಕಿತ್ತು ಕೊಡ್ತೀನಿ, ಕಾಯಿ ಸಮೇತ. ವಾಕರ್ ಕೇಳಿದ್ರಲ್ಲ? ನನ್ನ ಮಂಡಿ ಸರಿಹೋಯ್ತು, ಫೋಟೋ ಸ್ಟುಡಿಯೋದವನು ಸ್ಕೂಟರಿಂದ ಬಿದ್ದ. ಅವನಿಗೆ ಕೊಟ್ಟೆ."

ಅವರಿಗೆ ಹಾಲ್ ಗುಡಿಸುವ ಶಿಕ್ಷೆಯನ್ನು ಬಾಯಲ್ಲೇ ವಿಧಿಸಿ ಸ್ಟುಡಿಯೋಗೆ ಓಡಿದೆ. ಬಿಸಿಲು ಏರಿತ್ತು. ಆಸ್ಪತ್ರೆಯಿಂದ ಮಾವ ಆಗಲೇ ಹೊರಟಿರಬಹುದು. ಹಟಮಾರಿ ಮುದುಕ ಒಮ್ಮೆ ಮಂಚ ಹತ್ತಿದರೆ ಇಳಿಸುವುದು ಯಾರು? ಫೋಟೋದವನು ಆಗಷ್ಟೇ ಬಾಗಿಲು ತೆರೆಯುತ್ತಿದ್ದ.

"ವಾಕರ್ ಎಲ್ಲಪ್ಪಾ? ನಿನ್ನ ಕಾಲು ನೆಟ್ಟಗಿದೆ, ಕೊಡೋಕೆ ಏನು ಕಷ್ಟ? ನಾಲ್ಕು ಜನ ಕಲಿತವರೇ ಹೀಗೆ ಮಾಡಿದ್ರೆ ಊರು ಉದ್ಧಾರ ಆಗೋದು ಹೇಗೆ?"

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ, ಫೋಟೋ ತೆಗೆಯುವ ಮುಂಚೆ ನೋಡುವ ಹಾಗೆ.

"ತಮಾಷೆ ಮಾಡ್ತಿದ್ದೀರಾ ಸರ್? ನಿಮ್ಮ ಮನೆಯವರೇ ಬಂದು ತಗೊಂಡು ಹೋದ್ರಲ್ಲ. ನಿಮ್ಮತ್ತೆ ಜಾರಿಬಿದ್ದಾಗ."

ನಾನು ಮೌಲ್ಯಮಾಪನಕ್ಕೆಂದು ಪರವೂರಿಗೆ ಹೋಗಿದ್ದ ದಿನಗಳವು. ಅತ್ತೆ ಜಾರಿದ್ದು ಫೋನಿನಲ್ಲಿ ತಿಳಿದಿತ್ತು. ನಾನು ಬರುವಷ್ಟರಲ್ಲಿ ಅವರು ತಮ್ಮ ಕಾಲಲ್ಲೇ ಬಸ್ ಹತ್ತಿ ಹೋಗಿಯಾಗಿತ್ತು. ವಾಕರಿನ ಸುದ್ದಿ ಮಾತ್ರ ನನ್ನ ಕಿವಿಗೆ ಬಿದ್ದಿರಲಿಲ್ಲ.

ಮನೆಗೆ ಹೇಗೆ ತಲುಪಿದೆನೋ ಗೊತ್ತಿಲ್ಲ.

"ಎಲ್ಲಿ?" ಎಂದೆ ಏದುಸಿರು ಬಿಡುತ್ತಾ.

ಹೆಂಡತಿ ವರಾಂಡಕ್ಕೆ ಬಂದು ಸ್ಟ್ಯಾಂಡಿನ ಮೇಲಿಂದ ನನ್ನ ಟವೆಲ್ ತೆಗೆದಳು. ಅದರ ಕೆಳಗಿದ್ದ ಪ್ಯಾಂಟ್ ತೆಗೆದಳು. ಅದರ ಕೆಳಗಿದ್ದ ಬನಿಯನ್ ತೆಗೆದಳು. ಬಿಸಿಲಿಗೆ ಥಳಥಳಿಸುತ್ತಾ, ನಾಲ್ಕು ರಬ್ಬರ್ ಪಾದಗಳ ಮೇಲೆ, 'ಸೇವಾ ಸಂಘ' ಎಂಬ ಕೆಂಪು ಅಕ್ಷರಗಳನ್ನು ಹೊತ್ತು ನಿಂತಿತ್ತು ಸಾರ್ವಜನಿಕ ಸ್ವತ್ತು. ಮೌಲ್ಯಮಾಪನದಿಂದ ಬಂದ ದಿನವೇ ನಾನು ಅದರ ಮೇಲೆ ಅಂಗಿ ಎಸೆದು, "ಎಂಥ ಒಳ್ಳೆ ಸ್ಟ್ಯಾಂಡ್ ತಂದಿದ್ದೀಯೇ," ಎಂದು ಹೊಗಳಿದ್ದೆ. ಅಂದಿನಿಂದ ಅದರ ಮೈಮೇಲೆ ಬಟ್ಟೆಯಿಲ್ಲದ ಗಳಿಗೆಯನ್ನು ನಾನು ಕಂಡೇ ಇರಲಿಲ್ಲ.

"ಮೊದಲೇ ಹೇಳೋಕೆ ಏನಾಗಿತ್ತೇ?"

"ತಲೆ ಹಾಕಬಾರದಲ್ಲ."

ವಾದಕ್ಕೆ ಸಮಯವಿರಲಿಲ್ಲ. ವಾಕರನ್ನು ಹೆಗಲಿಗೇರಿಸಿ ಪೇಟೆ ಬೀದಿಯಲ್ಲೇ ಓಡಿದೆ. ಡ್ರೈವರ್ ನೋಡಿದರು, ಹೋಟೆಲಿನವರು ನೋಡಿದರು, ಅಧ್ಯಕ್ಷರು ತಕ್ಕಡಿ ಹಿಡಿದವರು ಹಾಗೇ ನಿಂತರು. ಟೈಲರ್ ಮಾವನ ಮನೆ ಮುಂದೆ ಕಾರು ನಿಂತೇ ಇತ್ತು. ಮಾವ ಹಿಂದಿನ ಸೀಟಿನ ಅಂಚಿನಲ್ಲಿ ಕಾಲು ಹೊರಗಿಟ್ಟು ಕೂತಿದ್ದರು.

"ಎತ್ಕೊಂಡು ಹೋಗಿ ಮಂಚಕ್ಕೆ ಹಾಕ್ರಮ್ಮ. ನನ್ನ ಕೈಲಾಗಲ್ಲ."

ನಾನು ವಾಕರನ್ನು ಅವರ ಮುಂದೆ ಊರಿದೆ. ಮಾವ ಅದನ್ನೇ ದಿಟ್ಟಿಸಿದರು. ಅಡ್ಡಪಟ್ಟಿಯಲ್ಲಿ ನನ್ನ ಕಾಲುಚೀಲವೊಂದು ಇನ್ನೂ ನೇತಾಡುತ್ತಿತ್ತು.

"ಇದನ್ನ ನನ್ನ ನಡೆಸೋಕೆ ತಂದ್ಯೇನೋ ತಮ್ಮಾ, ಇಲ್ಲಾ ಒಣಗಿಸೋಕಾ?"

ಹೇಳುತ್ತಾ ಹೇಳುತ್ತಾ ಅವರಿಗೇ ನಗು ತಡೆಯಲಾಗಲಿಲ್ಲ. ನಗುತ್ತಲೇ ಹಿಡಿಗಳನ್ನು ಹಿಡಿದರು. ನಗುತ್ತಲೇ ಮಗಳ ಭುಜಕ್ಕೆ ಒರಗಿದರು. ಕಾಲುಚೀಲವನ್ನು ಬಿಡಿಸಿ ನನ್ನ ಕೈಗೆ ಕೊಡುವಾಗ ತಾವು ಎದ್ದು ನಿಂತಿದ್ದೇವೆ ಎಂಬುದು ಅವರಿಗೇ ಗೊತ್ತಾಗಿರಲಿಲ್ಲ. ಗೊತ್ತಾದ ಮೇಲೆ ಒಂದು ಹೆಜ್ಜೆ ಇಟ್ಟರು. ಇನ್ನೊಂದು ಇಟ್ಟರು. ಮಗಳು ಕಣ್ಣೊರೆಸಿಕೊಂಡಳು. ನಾನೂ ಒರೆಸಿಕೊಂಡೆ, ಕೈಯಲ್ಲಿದ್ದದ್ದು ಕಾಲುಚೀಲ ಎಂಬುದನ್ನು ಮರೆತು.

ಭಾನುವಾರ ಸಂಘದ ಹಾಲ್ ಗುಡಿಸಿ ಒರೆಸಿದವನು ನಾನು. ಡ್ರೈವರಿಗೂ ಬಾ ಎಂದಿದ್ದೆ. ಬಳ್ಳಿ ಇನ್ನೂ ಕಾಯಿ ಬಿಟ್ಟಿಲ್ಲವಾದ್ದರಿಂದ ಊರುಗೋಲಿನ ಕೆಲಸ ಮುಗಿದಿಲ್ಲ ಎಂದು ಅಧ್ಯಕ್ಷರು ಅವರನ್ನು ಬಿಡುಗಡೆ ಮಾಡಿದರು. ಸಂಘದ ಸದಸ್ಯರೆಲ್ಲ ಹೊಸಿಲಿನಾಚೆ ನಿಂತು, ಒದ್ದೆ ನೆಲ ತುಳಿಯದಂತೆ ಬಹಳ ಗೌರವದಿಂದ, ನಾನು ಬಿಟ್ಟ ಮೂಲೆಗಳನ್ನು ತೋರಿಸಿಕೊಟ್ಟರು.

ಬೆವರಿಗೆ ತೊಯ್ದ ಅಂಗಿಯನ್ನು ಹಿಂಡಿಕೊಂಡು ಮನೆಗೆ ಬಂದೆ. ಮನಸ್ಸು ಹಗುರವಾಗಿತ್ತು. ಅಂಗಿಯನ್ನು ತೊಳೆದು ವರಾಂಡಕ್ಕೆ ತಂದರೆ ಆ ಜಾಗ ಖಾಲಿ.

"ಇದನ್ನ ಎಲ್ಲಿ ಒಣಗಿಸಲೇ?" ಎಂದು ಕೂಗಿದೆ.

ಒಳಗಿನಿಂದ ಹೆಂಡತಿ ತಣ್ಣಗೆ ಹೇಳಿದಳು: "ತತ್ವದ ಮೇಲೆ ಹಾಕಿ."